ಒಂದೇ ಪಂಕ್ತಿಯ ಊಟ, ಎರಡು ಸಾವಿರ ವರ್ಷದ ಜಗಳ

ಇಟಲಿಯ ಮಿಲಾನ್ ನಗರದ ಒಂದು ಮಠದ ಊಟದ ಮನೆ. ಅದರ ಗೋಡೆಯ ಮೇಲೆ ಲಿಯೊನಾರ್ಡೊ ಡಾ ವಿಂಚಿ 1490ರ ದಶಕದಲ್ಲಿ ಬರೆದ ಚಿತ್ರವನ್ನು, ಶಿಲುಬೆಗೇರುವ ಹಿಂದಿನ ರಾತ್ರಿ ಯೇಸು ಶಿಷ್ಯರ ಜೊತೆ ಮಾಡಿದ ಕೊನೆಯ ಊಟದ ಚಿತ್ರವನ್ನು, ಎಲ್ಲಾದರೂ ಒಮ್ಮೆ ನೋಡೇ ಇರುತ್ತೀರಿ. ಕ್ಯಾಲೆಂಡರಿನಲ್ಲೋ, ಯಾರದೋ ಮನೆಯ ಗೋಡೆಯಲ್ಲೋ. ಉದ್ದ ಮೇಜು, ನಡುವೆ ಯೇಸು, ಅತ್ತ ಆರು ಜನ, ಇತ್ತ ಆರು ಜನ. ಎದುರು ಬದಿ ಪೂರ್ತಿ ಖಾಲಿ. ಬಡಿಸುವವರಿಗೆ ಜಾಗ ಬಿಟ್ಟು ಕೂತ ಹಾಗೆ, ಥೇಟ್ ನಮ್ಮ ಮದುವೆ ಮನೆಯ ಪಂಕ್ತಿ.

ಆ ರಾತ್ರಿ ಅವರು ಕೂತಿದ್ದು ಹೀಗಲ್ಲ. ಆ ಕಾಲದಲ್ಲಿ ಹಬ್ಬದ ಊಟವೆಂದರೆ ಎಡ ಮೊಣಕೈ ಊರಿ, ಒರಗಿಕೊಂಡು ತಿನ್ನುವುದು. ಒಬ್ಬ ಶಿಷ್ಯ ಯೇಸುವಿನ ಎದೆಗೆ ಒರಗಿದ ಎಂದು, ಯೇಸುವಿನ ಕಥೆ ಹೇಳುವ ಬೈಬಲಿನ ನಾಲ್ಕು ಸುವಾರ್ತೆಗಳಲ್ಲಿ ಒಂದಾದ ಯೋಹಾನನ ಸುವಾರ್ತೆಯಲ್ಲಿದೆ. ಕುರ್ಚಿ ಮೇಲೆ ಕೂತವರನ್ನು ಕಲ್ಪಿಸಿಕೊಂಡರೆ ಇದು ವಿಚಿತ್ರ. ಪಕ್ಕಪಕ್ಕ ಒರಗಿದವರಿಗೆ ತೀರಾ ಸಹಜ. ಒರಗಿ ಉಣ್ಣುವುದು ಸ್ವತಂತ್ರರ ಗತ್ತು. ಕ್ರಿ.ಶ. 200ರ ಸುಮಾರಿಗೆ ಒಟ್ಟುಗೂಡಿದ ಯೆಹೂದಿ ನಿಯಮಗಳ ಸಂಗ್ರಹ ಮಿಷ್ನಾದಲ್ಲಿ ಒಂದು ಮಾತಿದೆ: ಪಸ್ಕ ಹಬ್ಬದ ರಾತ್ರಿ ಕಡುಬಡವನೂ ಒರಗಿಯೇ ಉಣ್ಣಬೇಕು. ಆ ಒಂದು ರಾತ್ರಿ ಯಾರೂ ಆಳಲ್ಲ.

ಈ ಪಸ್ಕವನ್ನು ಬಿಟ್ಟು ಯೇಸುವಿನ ಕೊನೆಯ ಊಟ ಅರ್ಥವಾಗುವುದಿಲ್ಲ. ಈಜಿಪ್ಟಿನ ಗುಲಾಮಗಿರಿಯಿಂದ ಯೆಹೂದಿಗಳು ಹೊರಬಿದ್ದ ರಾತ್ರಿಯ ನೆನಪು ಅದು. ಕುರಿಮರಿ ಕೊಯ್ದು ರಕ್ತವನ್ನು ಬಾಗಿಲ ಚೌಕಟ್ಟಿಗೆ ಹಚ್ಚಿದರು. ಸಾವು ಆ ಮನೆಗಳನ್ನು ದಾಟಿ ಹೋಯಿತು. ಹಿಟ್ಟು ಹುಳಿ ಬರುವಷ್ಟು ಪುರುಸೊತ್ತಿಲ್ಲದೆ ಹೊರಟಿದ್ದರಿಂದ ಇಂದಿಗೂ ಆ ಹಬ್ಬಕ್ಕೆ ಹುಳಿಯಿಲ್ಲದ ರೊಟ್ಟಿ. ಗುಲಾಮಗಿರಿಯ ಕಹಿಗೆ ಕಹಿ ಸೊಪ್ಪು. ನಮ್ಮ ಬೇವುಬೆಲ್ಲದಲ್ಲೂ ನಾಲಗೆಯೇ ಪಾಠ ಕಲಿಯುತ್ತದೆ, ಅಲ್ವಾ? ಪ್ರತಿ ತಲೆಮಾರಿನವರೂ ತಾವೇ ಈಜಿಪ್ಟಿನಿಂದ ಹೊರಟು ಬಂದಂತೆ ತಿಳಿಯಬೇಕು ಎಂದೂ ಮಿಷ್ನಾ ಹೇಳುತ್ತದೆ. ಅಜ್ಜಂದಿರ ಕಥೆ ಎಂದು ಕೇಳಿ ಸುಮ್ನೆ ಎದ್ದು ಹೋಗುವ ಹಾಗಿಲ್ಲ.

ಯೇಸು ಇದೇ ಊಟದಲ್ಲಿ ರೊಟ್ಟಿ ಮುರಿದು, ಇದು ನನ್ನ ದೇಹ ಎಂದ. ಬಟ್ಟಲು ಕೊಟ್ಟು, ಇದು ಒಡಂಬಡಿಕೆಯ ನನ್ನ ರಕ್ತ ಎಂದ. ರಕ್ತ ತಿನ್ನಲೇಬಾರದು ಎಂಬುದು ಯೆಹೂದಿಗಳ ಕಟ್ಟುನಿಟ್ಟಿನ ನಿಯಮ. ಮಾಂಸವನ್ನು ಉಪ್ಪು ಹಚ್ಚಿ ತೊಳೆದು ರಕ್ತ ತೆಗೆಯುವ ಜನ ಅವರು. ಅಂಥವರ ಕೈಗೆ ಬಟ್ಟಲು ಕೊಟ್ಟು ಹೀಗೆ ಹೇಳಿದರೆ ಹೇಗಿರಬೇಡ! ಆದರೆ ಆ ಮಾತಿಗೆ ಹಿಂದಿನ ಎಳೆಯೊಂದಿದೆ. ಸೀನಾಯಿ ಬೆಟ್ಟದ ಬುಡದಲ್ಲಿ ಮೋಶೆ ಬಲಿಯ ರಕ್ತವನ್ನು ಜನರ ಮೇಲೆ ಚಿಮುಕಿಸಿ, ದೇವರ ಜೊತೆಗಿನ ಒಡಂಬಡಿಕೆಯನ್ನು ಗಟ್ಟಿ ಮಾಡಿದ್ದ. ಕೇಳಿದವರಿಗೆ ಅದು ನೆನಪಾಗಿರಲೇಬೇಕು.

ಇನ್ನೊಂದು ಕುತೂಹಲ. ಪಸ್ಕದ ಊಟ ಎಂದ ಮೇಲೆ ಕುರಿಮರಿ ಇರಲೇಬೇಕು. ಆದರೆ ಸುವಾರ್ತೆಗಳು ಆ ಊಟವನ್ನು ವರ್ಣಿಸುವಾಗ ಮಾಂಸದ ಮಾತೇ ಇಲ್ಲ. ಮಾರ್ಕ, ಮತ್ತಾಯ, ಲೂಕ ಇದನ್ನು ಪಸ್ಕದ ಊಟ ಎನ್ನುತ್ತಾರೆ. ಯೋಹಾನನ ಲೆಕ್ಕದಲ್ಲಿ ಊಟ ನಡೆದದ್ದು ಹಬ್ಬಕ್ಕೆ ಮುಂಚೆ. ಮಾರನೆಯ ದಿನ ದೇವಾಲಯದಲ್ಲಿ ಪಸ್ಕದ ಕುರಿಗಳನ್ನು ಕೊಯ್ಯುವ ಹೊತ್ತಿಗೇ ಯೇಸು ಶಿಲುಬೆಯ ಮೇಲೆ. ಎರಡರಲ್ಲಿ ಯಾವ ದಿನ ಸರಿ ಎಂದು ವಿದ್ವಾಂಸರು ಇನ್ನೂ ವಾದಿಸುತ್ತಾರೆ. ನನಗಂತೂ ದಿನಾಂಕಕ್ಕಿಂತ ಯೋಹಾನನ ಸೂಚನೆಯೇ ಜಾಸ್ತಿ ಹಿಡಿಸುತ್ತದೆ: ಕುರಿಮರಿ ತಟ್ಟೆಯಲ್ಲಿ ಇರಲಿಲ್ಲ, ಬಡಿಸುತ್ತಿದ್ದವನೇ ಕುರಿಮರಿ.

ಯೋಹಾನನ ಊಟದಲ್ಲಿ ರೊಟ್ಟಿ, ಬಟ್ಟಲಿನ ಆ ಮಾತುಗಳೇ ಇಲ್ಲ. ಬದಲಿಗೆ ಯೇಸು ಎದ್ದು, ಮೇಲುಡುಪು ತೆಗೆದಿಟ್ಟು, ಸೊಂಟಕ್ಕೆ ಟವೆಲ್ ಸುತ್ತಿ ಶಿಷ್ಯರ ಕಾಲು ತೊಳೆಯುತ್ತಾನೆ. ನಮ್ಮಲ್ಲಿ ಅಳಿಯನ ಕಾಲನ್ನು ಮಾವ ತೊಳೆಯುತ್ತಾನೆ, ಗುರುವಿನ ಕಾಲನ್ನು ಶಿಷ್ಯ ತೊಳೆಯುತ್ತಾನೆ. ಇಲ್ಲಿ ಎಲ್ಲ ತಿರುಗುಮುರುಗು. ಶಿಷ್ಯ ಪೇತ್ರನಿಗೆ ಸಹಿಸಲಾಗದೆ, ನನ್ನ ಕಾಲು ತೊಳೆಯಲೇಬೇಡ ಎಂದದ್ದು ಅದಕ್ಕೇ. ಆ ಹೊತ್ತಿಗೆ ಯೂದ ಇನ್ನೂ ಎದ್ದು ಹೋಗಿರಲಿಲ್ಲ. ಅಂದರೆ ಹಿಡಿದುಕೊಡಲಿದ್ದವನ ಕಾಲನ್ನೂ ಯೇಸು ತೊಳೆದ, ಆಮೇಲೆ ಅವನಿಗೆ ರೊಟ್ಟಿಯ ತುಂಡನ್ನೂ ಅದ್ದಿ ಕೊಟ್ಟ. 'ಉಂಡ ಮನೆಯ ಜಂತೆ ಎಣಿಸುವವರು' ಎಂದು ನಾವು ಬೈಯುತ್ತೇವಲ್ಲ, ಅಂಥವನಿಗೂ ಪಂಕ್ತಿಯಲ್ಲಿ ಜಾಗ ಇತ್ತು. ಊಟದ ಬಗ್ಗೆ ನಡೆದ ಮುಂದಿನ ಜಗಳಗಳನ್ನು ನೋಡುವಾಗ ಇದನ್ನು ಮರೆಯಬಾರದು.

ಯೇಸುವಿನ ನೆನಪಿಗೆ ಅವನ ಅನುಯಾಯಿಗಳು ಈ ಊಟವನ್ನು ಮತ್ತೆ ಮತ್ತೆ ಮಾಡುತ್ತ ಬಂದರು. ಜಗಳ ಶುರುವಾಗಲು ಜಾಸ್ತಿ ವರ್ಷ ಬೇಕಾಗಲಿಲ್ಲ. ಈ ಊಟದ ಬಗ್ಗೆ ನಮಗೆ ಸಿಗುವ ಅತಿ ಹಳೆಯ ಬರಹವೇ ಒಂದು ಜಗಳದ ಕಾಗದ. ಕ್ರಿ.ಶ. 50ರ ದಶಕದಲ್ಲಿ, ಸುವಾರ್ತೆಗಳು ಬರೆಯಲ್ಪಡುವ ಮೊದಲೇ, ಊರೂರಿಗೆ ಕ್ರೈಸ್ತ ಮತ ಹರಡುತ್ತಿದ್ದ ಪೌಲ ಗ್ರೀಸಿನ ಕೊರಿಂಥ ಊರಿನ ಕ್ರೈಸ್ತ ಸಭೆಗೆ ಬರೆದದ್ದು. ಅಲ್ಲಿ ಉಳ್ಳವರು ತಮ್ಮ ಬುತ್ತಿ ಬಿಚ್ಚಿ ಮೊದಲೇ ಉಂಡು ಕುಡಿದು ಮತ್ತೇರಿಸಿಕೊಳ್ಳುತ್ತಿದ್ದರು. ಬಡವರು ಹಸಿದು ಕೂರುತ್ತಿದ್ದರು. ನಮ್ಮ ಮಾತಿನಲ್ಲಿ ಹೇಳಿದರೆ ಶುದ್ಧ ಪಂಕ್ತಿಭೇದ. ಪೌಲ ರೇಗಿದ. ನೀವು ಉಣ್ಣುತ್ತಿರುವುದು ಕರ್ತನ ಭೋಜನವೇ ಅಲ್ಲ ಎಂದ. ತಿನ್ನಲು ಕೂಡಿದಾಗ ಒಬ್ಬರಿಗೊಬ್ಬರು ಕಾಯಿರಿ ಎಂದ. ರೊಟ್ಟಿ, ಬಟ್ಟಲಿನ ಮಾತುಗಳನ್ನು ಅವನು ನೆನಪಿಸಿದ್ದೇ ಈ ಬೈಗುಳದ ನಡುವೆ.

ಕ್ರೈಸ್ತರ ಬಗ್ಗೆ ಹೊರಗಿನವರಿಗೆ ಬೇರೆಯದೇ ಅನುಮಾನ. ದೇಹ ತಿನ್ನುತ್ತಾರಂತೆ, ರಕ್ತ ಕುಡಿಯುತ್ತಾರಂತೆ ಎಂಬ ಗಾಳಿಮಾತು ರೋಮನ್ ಸಾಮ್ರಾಜ್ಯದಲ್ಲಿ ಹಬ್ಬಿತ್ತು. 112ರ ಸುಮಾರಿಗೆ ಈಗಿನ ಟರ್ಕಿಯ ಭಾಗಕ್ಕೆ ರಾಜ್ಯಪಾಲನಾಗಿದ್ದ ಪ್ಲಿನಿ ವಿಚಾರಣೆ ಮಾಡಿಸಿದ. ಇವರು ಕೂಡಿ ತಿನ್ನುವುದು ಮಾಮೂಲಿ, ನಿರಪಾಯದ ಆಹಾರ ಎಂದು ಚಕ್ರವರ್ತಿ ತ್ರಾಜನನಿಗೆ ವರದಿ ಬರೆದ.

ಆಮೇಲೆ ಹೊಟ್ಟೆ ತುಂಬ ಉಣ್ಣುವ ಊಟ ಹೋಗಿ ಒಂದು ತುಂಡು ರೊಟ್ಟಿ, ಒಂದು ಗುಟುಕು ದ್ರಾಕ್ಷಾರಸ ಉಳಿಯಿತು. ಊಟ ಚಿಕ್ಕದಾದಷ್ಟೂ ಜಗಳ ದೊಡ್ಡದಾಯಿತು. 1054ರಲ್ಲಿ ಪಶ್ಚಿಮದ ರೋಮ್ ಸಭೆ ಮತ್ತು ಪೂರ್ವದ ಕಾನ್‌ಸ್ಟಾಂಟಿನೋಪಲ್ ಸಭೆ ಮುನಿಸಿಕೊಂಡಾಗ ರೊಟ್ಟಿಗೆ ಹುಳಿ ಹಾಕಬೇಕೋ ಬೇಡವೋ ಎಂಬುದೂ ಒಂದು ಕಾರಣ. ಪಶ್ಚಿಮದಲ್ಲಿ ಕಾಲಕ್ರಮೇಣ ಬಟ್ಟಲು ಪಾದ್ರಿಗಳಿಗೆ ಮಾತ್ರ, ಜನರಿಗೆ ಬರೀ ರೊಟ್ಟಿ ಎಂದಾಯಿತು. 1415ರ ಕಾನ್‌ಸ್ಟನ್ಸ್ ಮಹಾಸಭೆ ಅದನ್ನೇ ಕಾನೂನು ಮಾಡಿತು. ಅದೇ ಸಭೆ ಬೊಹೆಮಿಯಾದ, ಅಂದರೆ ಈಗಿನ ಚೆಕ್ ನಾಡಿನ, ಸುಧಾರಕ ಪಾದ್ರಿ ಯಾನ್ ಹುಸ್‌ನನ್ನು ಸುಡಿಸಿತು. ಅವನ ಅನುಯಾಯಿಗಳು ಬಟ್ಟಲು ನಮಗೂ ಬೇಕು ಎಂದು ಯುದ್ಧಕ್ಕೇ ಇಳಿದರು. ಅವರ ಬಾವುಟದ ಗುರುತೂ ಬಟ್ಟಲೇ.

1529ರಲ್ಲಿ ಜರ್ಮನಿಯ ಮಾರ್ಬುರ್ಗ್‌ನಲ್ಲಿ ಪ್ರೊಟೆಸ್ಟೆಂಟ್ ಪಂಥದ ಮೊದಲ ನಾಯಕರಾದ ಲೂಥರ್ ಮತ್ತು ಜ್ವಿಂಗ್ಲಿ ಮುಖಾಮುಖಿಯಾದರು. ಇಬ್ಬರೂ ರೋಮಿನ ವಿರೋಧಿಗಳೇ. 15 ಅಂಶಗಳಲ್ಲಿ 14ಕ್ಕೆ ಒಪ್ಪಿದರು. ಕೊನೆಯದಕ್ಕೆ, ಅಂದರೆ ಈ ಊಟಕ್ಕೆ, ಮುರಿದುಬಿತ್ತು. ರೊಟ್ಟಿ ದೇಹದ ಗುರುತು ಎಂದು ಜ್ವಿಂಗ್ಲಿ. ಲೂಥರ್ ಸೀಮೆಸುಣ್ಣದಲ್ಲಿ 'ಇದು ನನ್ನ ದೇಹ' ಎಂಬ ಮಾತನ್ನು ಲ್ಯಾಟಿನ್‌ನಲ್ಲಿ ಮೇಜಿನ ಮೇಲೆ ಬರೆದು ಪಟ್ಟು ಹಿಡಿದ. ಲ್ಯಾಟಿನ್‌ನಲ್ಲಿ 'ಆಗಿದೆ' ಎಂಬ ಅರ್ಥದ ಕ್ರಿಯಾಪದವೊಂದಿದೆ. ಇಡೀ ಗುದ್ದಾಟ ಅದರ ಮೇಲೆ. ಯೇಸು ಆಡುತ್ತಿದ್ದ ಅರಾಮಿಕ್‌ನಲ್ಲಿ ಸಾಮಾನ್ಯವಾಗಿ ಅಂಥ ಪದ ಬೇಕಿಲ್ಲ. ಕನ್ನಡದಲ್ಲೂ ಬೇಕಿಲ್ಲ. ಇದು ನನ್ನ ದೇಹ, ಅಷ್ಟೆ.

ಪಂಕ್ತಿಯಲ್ಲಿ ಯಾರು ಕೂರಬೇಕು ಎಂಬ ತಕರಾರು ಚಿತ್ರಕಾರರನ್ನೂ ಬಿಡಲಿಲ್ಲ. 1573ರಲ್ಲಿ ವೆನಿಸ್‌ನ ವೆರೊನೇಸೆ ಬರೆದ ದೊಡ್ಡ ಚಿತ್ರದಲ್ಲಿ ಕೋಡಂಗಿ, ಕುಳ್ಳರು, ಸಿಪಾಯಿಗಳೆಲ್ಲ ಇದ್ದರು. ಪ್ರಭುವಿನ ಕೊನೆಯ ಊಟದಲ್ಲಿ ಇವರಿಗೇನು ಕೆಲಸ ಎಂದು ಧಾರ್ಮಿಕ ನ್ಯಾಯಾಲಯ ಕರೆಸಿ ಕೇಳಿತು, ತಿದ್ದಲು ಹೇಳಿತು. ಅವನು ಯಾರನ್ನೂ ಎಬ್ಬಿಸಲಿಲ್ಲ. 'ಲೇವಿಯ ಮನೆಯಲ್ಲಿ ಔತಣ' ಎಂದು, ಸುವಾರ್ತೆಯ ಬೇರೊಂದು ಊಟಕ್ಕೆ ಹೆಸರು ಬದಲಿಸಿ ಕೈತೊಳೆದುಕೊಂಡ.

ಭಾರತಕ್ಕೆ ಬಂದಾಗ ಈ ಊಟ ಮತ್ತೆ ಕೊರಿಂಥಕ್ಕೇ ಬಂದು ನಿಂತಿತು. ದಕ್ಷಿಣದ ತಮಿಳು ಸಭೆಗಳಲ್ಲಿ ಜಾತಿ ಪ್ರಕಾರ ಬೇರೆ ಬೇರೆ ಕೂರುವುದು, ರೊಟ್ಟಿ ತೆಗೆದುಕೊಳ್ಳುವಾಗಲೂ ಮೇಲಿನವರು ಮೊದಲು, ಮಿಕ್ಕವರು ಆಮೇಲೆ. 1833ರಲ್ಲಿ ಕಲ್ಕತ್ತದ ಬಿಷಪ್ ಡೇನಿಯಲ್ ವಿಲ್ಸನ್ ಇದನ್ನು ಕೂಡಲೇ ನಿಲ್ಲಿಸಿ ಎಂದು ಸುತ್ತೋಲೆ ಹೊರಡಿಸಿದರು. ತಂಜಾವೂರಿನಲ್ಲಿ ಎಷ್ಟೋ ಮಂದಿ ಸಭೆಯನ್ನೇ ಬಿಟ್ಟು ಎದ್ದುಹೋದರು.

ಕಾಲು ತೊಳೆಯುವ ಆಚರಣೆಯಲ್ಲೂ ಪಂಕ್ತಿ ಇತ್ತು. ಆಗಿನ ಕ್ಯಾಥೊಲಿಕ್ ನಿಯಮದ ಪ್ರಕಾರ, ಈ ಊಟವನ್ನು ನೆನೆಯುವ ಪವಿತ್ರ ಗುರುವಾರ ಪಾದ್ರಿ ತೊಳೆಯಬೇಕಾದದ್ದು ಗಂಡಸರ ಕಾಲು ಮಾತ್ರ. 2013ರಲ್ಲಿ ಪೋಪ್ ಫ್ರಾನ್ಸಿಸ್ ರೋಮಿನ ಬಾಲಾಪರಾಧಿಗಳ ಜೈಲಿಗೆ ಹೋಗಿ ಹನ್ನೆರಡು ಮಂದಿಯ ಕಾಲು ತೊಳೆದರು. ಅವರಲ್ಲಿ ಹುಡುಗಿಯರಿದ್ದರು, ಮುಸ್ಲಿಮರೂ ಇದ್ದರು. ನಿಯಮ ಬದಲಾದದ್ದು ಅದಾದ ಮೇಲೆ, 2016ರಲ್ಲಿ.

ಕನ್ನಡದಲ್ಲಿ ಈ ಊಟಕ್ಕೆ ಹೆಸರೂ ಒಂದಲ್ಲ. ಕ್ಯಾಥೊಲಿಕರಿಗೆ ಅದು ಪರಮಪ್ರಸಾದ. ಪ್ರೊಟೆಸ್ಟೆಂಟರಿಗೆ ಕರ್ತನ ಭೋಜನ. ಮಂಗಳೂರಿನಲ್ಲಿ ಕ್ರಿಸ್ಮಸ್ ಬಂದರೆ ಕುಸ್ವಾರ್ ಎಂಬ ಹಬ್ಬದ ತಿಂಡಿಗಳ ತಟ್ಟೆ ಈ ಮನೆಯಿಂದ ಆ ಮನೆಗೆ, ಹಿಂದೂ ಮುಸ್ಲಿಂ ನೆರೆಯವರ ಮನೆಗೂ ಓಡಾಡುತ್ತದೆ. ಭಾನುವಾರ ಬಂದರೆ ಕ್ಯಾಥೊಲಿಕರು ತಮ್ಮ ಇಗರ್ಜಿಗೆ, ಪ್ರೊಟೆಸ್ಟೆಂಟರು ತಮ್ಮ ಚರ್ಚಿಗೆ. ಆ ರಾತ್ರಿಯ ರೊಟ್ಟಿಯನ್ನು ಮಾತ್ರ ಇವರು ಒಟ್ಟಿಗೆ ಕೂತು ತಿನ್ನುವುದಿಲ್ಲ.