ಪಾಲು ಇಪ್ಪತ್ತು, ಸಾಲ ಪೂರ್ತಿ

ಆ ಮೇಷ್ಟ್ರು ಗೋಣಿಕೊಪ್ಪದ ನಮ್ಮ ಆಫೀಸಿಗೆ ಬಂದ ದಿನ ಜೋರು ಮಳೆ. ಕೊಡೆಯನ್ನು ಬಾಗಿಲ ಪಕ್ಕ ಒರಗಿಸಿದರು. ಶರ್ಟಿನೊಳಗೆ ಇಟ್ಟುಕೊಂಡಿದ್ದ ಪ್ಲಾಸ್ಟಿಕ್ ಕವರ್ ತೆಗೆದು, ಅದರೊಳಗಿದ್ದ ಪಾರ್ಟ್‌ನರ್‌ಶಿಪ್ ಡೀಡನ್ನು ಮೇಜಿನ ಮೇಲೆ ಬಿಡಿಸಿಟ್ಟರು. ಮೂರನೇ ಪುಟದಲ್ಲಿ ಒಂದು ಸಾಲಿನ ಕೆಳಗೆ ಕೆಂಪು ಪೆನ್ನಿನಲ್ಲಿ ಗೆರೆ ಎಳೆದಿದ್ದರು. ಆ ಸಾಲಿನ ಮೇಲೆ ಬೆರಳಿಟ್ಟು ಕೇಳಿದರು: "ಇಲ್ಲಿ ನೋಡಿ ಸಾರ್. ಲಾಭ ನಷ್ಟ ಎರಡರಲ್ಲೂ ನನ್ನದು 20 ಪರ್ಸೆಂಟ್. ಬ್ಯಾಂಕಿನವರು ಪೂರ್ತಿ ಸಾಲಕ್ಕೆ ನನಗೇ ನೋಟಿಸ್ ಕಳಿಸಿದ್ದಾರೆ. ಅವರ ಕಡೆಯಿಂದ ಏನೋ ತಪ್ಪಾಗಿದೆ ಅಲ್ವಾ?"

ತಪ್ಪೇನೂ ಆಗಿರಲಿಲ್ಲ. ಅದನ್ನು ಅವರಿಗೆ ಹೇಳುವುದು ಹೇಗೆ ಅಂತ ನನಗೆ ಸ್ವಲ್ಪ ಹೊತ್ತು ತೋಚಲಿಲ್ಲ.

ರಿಟೈರ್ ಆದ ಹೈಸ್ಕೂಲ್ ಮೇಷ್ಟ್ರು. ತಮ್ಮ ಹಳೆಯ ವಿದ್ಯಾರ್ಥಿಗಳಿಬ್ಬರ ಜೊತೆ ಸೇರಿ ಮಡಿಕೇರಿ ಕಡೆ ಒಂದು ಹೋಂಸ್ಟೇ, ಜೊತೆಗೆ ಮಾಂದಲ್‌ಪಟ್ಟಿಗೆ ಜೀಪ್ ಬಿಡುವ ವ್ಯವಹಾರ ಶುರು ಮಾಡಿದ್ದರು. ಇವರು ಹಾಕಿದ್ದು 2 ಲಕ್ಷ. ಬ್ಯಾಂಕಿನಿಂದ ಫರ್ಮಿನ ಹೆಸರಲ್ಲಿ 30 ಲಕ್ಷ ಸಾಲ. 2018ರ ಆಗಸ್ಟ್‌ನಲ್ಲಿ ಗುಡ್ಡಗಳು ಜಾರಿದವು, ರಸ್ತೆಗಳು ಮುಚ್ಚಿದವು, ಇದ್ದ ಬುಕಿಂಗ್ ಎಲ್ಲ ಕ್ಯಾನ್ಸಲ್. 2019ರಲ್ಲಿ ಮತ್ತೆ ಮಳೆ, 2020ರಲ್ಲಿ ಲಾಕ್‌ಡೌನ್. ಒಬ್ಬ ಹುಡುಗ ಬೆಂಗಳೂರಿಗೆ ಕೆಲಸಕ್ಕೆ ಹೋದ, ಫೋನ್ ಎತ್ತುವುದು ನಿಲ್ಲಿಸಿದ. ಇನ್ನೊಬ್ಬನ ಮನೆ, ತೋಟ ಎಲ್ಲ ಅಪ್ಪನ ಹೆಸರಲ್ಲಿ. ತನ್ನ ಹೆಸರಿನಲ್ಲಿ ಮನೆ, ಎಫ್‌ಡಿ ಇದ್ದದ್ದು ಮೇಷ್ಟ್ರಿಗೆ ಮಾತ್ರ. ಎಲ್ಲಿ ವಸೂಲಿ ಆಗುತ್ತದೋ ಬ್ಯಾಂಕ್ ಅಲ್ಲಿಗೆ ಬಂತು.

ಇಷ್ಟು ವರ್ಷ ಲೆಕ್ಕಪತ್ರದ ಕೆಲಸ ಮಾಡಿದ್ದೇನೆ. ಹೊಸದಾಗಿ ವ್ಯಾಪಾರ ಶುರು ಮಾಡುವವರು ನನ್ನ ಹತ್ತಿರ ಬಂದು ಕೇಳುವ ಮೊದಲ ಪ್ರಶ್ನೆ, "ಯಾವುದರಲ್ಲಿ ಖರ್ಚು ಕಮ್ಮಿ?" ಎರಡನೆಯದು, "ಯಾವುದರಲ್ಲಿ ಟ್ಯಾಕ್ಸ್ ಕಮ್ಮಿ?" ವ್ಯಾಪಾರ ಮುಳುಗಿದರೆ ಯಾರ ಮನೆ ಹೋಗುತ್ತದೆ ಅಂತ ಕೇಳಿದವರನ್ನು ಬೆರಳಲ್ಲಿ ಎಣಿಸಬಹುದು. ಜಿಎಸ್‌ಟಿ ನಂಬರ್, ಉದ್ಯಮ್ ಸರ್ಟಿಫಿಕೇಟ್, ಪಂಚಾಯ್ತಿ ಲೈಸೆನ್ಸ್ ಬಗ್ಗೆ ಇಲ್ಲಿ ಬರೆಯುವುದಿಲ್ಲ. ಅವು ವ್ಯಾಪಾರದ ನೋಂದಣಿ, ಪರವಾನಗಿಗಳು, ಬೇಕಾದಾಗ ಮಾಡಿಸಿಕೊಳ್ಳಬಹುದು. ನಾನು ಹೇಳಬೇಕಾಗಿರುವುದು ಒಂದೇ ವಿಷಯ, ಅದನ್ನೇ ನಿಧಾನವಾಗಿ ಹೇಳುತ್ತೇನೆ.

ಪಾರ್ಟ್‌ನರ್‌ಶಿಪ್ ಫರ್ಮ್ ಅಂದರೆ ಕಾನೂನಿನ ಕಣ್ಣಲ್ಲಿ ಪಾಲುದಾರರೇ. ನಿಮ್ಮ ಮುಂದೆ ನಿಂತು ಏಟು ತಡೆಯುವ ಬೇರೆ ವ್ಯಕ್ತಿ ಅಲ್ಲಿ ಇಲ್ಲ. 1932ರ ಪಾಲುದಾರಿಕೆ ಕಾಯ್ದೆಯ 25ನೇ ಸೆಕ್ಷನ್ ಇದನ್ನು ನೇರವಾಗಿ ಹೇಳುತ್ತದೆ: ತಾನು ಪಾಲುದಾರನಾಗಿದ್ದಾಗ ಫರ್ಮ್ ಮಾಡಿದ ಎಲ್ಲ ಕೆಲಸಕ್ಕೂ ಪ್ರತಿಯೊಬ್ಬ ಪಾಲುದಾರ ಉಳಿದವರ ಜೊತೆ ಸೇರಿಯೂ ಹೊಣೆ, ಒಬ್ಬನೇ ಆಗಿಯೂ ಹೊಣೆ. ಈ 'ಒಬ್ಬನೇ ಆಗಿಯೂ' ಅನ್ನುವುದರಲ್ಲೇ ಎಲ್ಲ ಇದೆ. ಸಾಲ ಕೊಟ್ಟವನು ಮೂವರನ್ನೂ ಕೇಳಬಹುದು. ಒಬ್ಬನನ್ನೇ ಹಿಡಿದು ಪೂರ್ತಿ ಕೇಳಬಹುದು. ಫರ್ಮಿನ ಆಸ್ತಿ ಸಾಲದಿದ್ದರೆ ನಿಮ್ಮ ಸ್ವಂತ ಆಸ್ತಿಗೆ ಕೈ ಹಾಕಬಹುದು.

"ಹಾಗಾದರೆ ಡೀಡಿನಲ್ಲಿ ಬರೆದ 20 ಪರ್ಸೆಂಟ್ ಯಾಕೆ?" ಅಂತ ಮೇಷ್ಟ್ರು ಕೇಳಿದರು. ಎಲ್ಲರೂ ಕೇಳುತ್ತಾರೆ. ಆ 20 ಪಾಲುದಾರರು ತಮ್ಮತಮ್ಮೊಳಗೆ ಮಾಡಿಕೊಂಡ ಮಾತು. ಬ್ಯಾಂಕ್ ಆ ಮಾತಿಗೆ ಸಹಿ ಹಾಕಿಲ್ಲ. ಸಿಮೆಂಟ್ ಉದ್ರಿ ಕೊಟ್ಟ ಅಂಗಡಿಯವನು ಸಹಿ ಹಾಕಿಲ್ಲ. ಜೀಪ್ ಪಲ್ಟಿಯಾಗಿ ಕಾಲು ಮುರಿದುಕೊಂಡ ಪ್ರವಾಸಿ ಅದನ್ನು ಓದಿಯೇ ಇಲ್ಲ. ಅವರಿಗೆ ನೀವು 20 ಪರ್ಸೆಂಟ್ ಅಲ್ಲ, ನೂರಕ್ಕೆ ನೂರು ಪಾಲುದಾರ. ನೀವು 30 ಲಕ್ಷ ಕಟ್ಟಿದ ಮೇಲೆ, ನಿಮ್ಮ ಪಾಲಿನ 6 ಲಕ್ಷ ಬಿಟ್ಟು ಉಳಿದ 24 ಲಕ್ಷವನ್ನು ಇನ್ನಿಬ್ಬರಿಂದ ವಸೂಲಿ ಮಾಡಲು ಡೀಡ್ ಕೆಲಸಕ್ಕೆ ಬರುತ್ತದೆ. ಮೊದಲು ನೀವು ಕಟ್ಟಬೇಕು, ಆಮೇಲೆ ಅವರ ಮನೆ ಬಾಗಿಲಿಗೆ ಅಲೆಯಬೇಕು. ಕೊಡಲು ಅವರ ಹತ್ತಿರ ಇರಬೇಕು ಕೂಡ. ಇನ್ನೊಂದು ಮಾತು: ಫರ್ಮ್ ರಿಜಿಸ್ಟರ್ ಆಗಿರದಿದ್ದರೆ ಆ ವಸೂಲಿಯ ದಾರಿಗೂ 69ನೇ ಸೆಕ್ಷನ್ ಅಡ್ಡ ಬರಬಹುದು. ಡೀಡ್ ನೋಟರಿ ಮಾಡಿಸಿದ್ದೇವಲ್ಲ ಅಂತ ತುಂಬ ಜನ ಹೇಳುತ್ತಾರೆ. ನೋಟರಿ ಬೇರೆ, ರಿಜಿಸ್ಟ್ರಾರ್ ಆಫ್ ಫರ್ಮ್ಸ್ ಹತ್ತಿರ ರಿಜಿಸ್ಟರ್ ಮಾಡಿಸುವುದು ಬೇರೆ.

ಮೇಷ್ಟ್ರು ಎಫ್‌ಡಿ ಮುರಿದರು. ಬ್ಯಾಂಕಿನ ಜೊತೆ ಮಾತಾಡಿ ಒಂದು ಮೊತ್ತಕ್ಕೆ ಇತ್ಯರ್ಥ ಮಾಡಿಕೊಂಡರು. ಮನೆ ಉಳಿಯಿತು. ಅಪ್ಪನ ತೋಟದಲ್ಲಿದ್ದ ಹುಡುಗ ಪ್ರತಿ ವರ್ಷ ಕಾಫಿ ಮಾರಿದ ಮೇಲೆ ಸ್ವಲ್ಪ ಸ್ವಲ್ಪ ತಂದುಕೊಡುತ್ತಿದ್ದಾನೆ, ಅದನ್ನು ಹೇಳಲೇಬೇಕು. ಕೋರ್ಟಿಗೆ ಹೋಗಿ ಅಂದರೆ ಮೇಷ್ಟ್ರು ಒಪ್ಪಲಿಲ್ಲ. "ನಾನೇ ಪಾಠ ಹೇಳಿಕೊಟ್ಟ ಹುಡುಗರು" ಅಂದರು.

ನಮ್ಮ ಊರಿನ ವಿಷಯದಲ್ಲಿ ನನಗೆ ಜಾಸ್ತಿ ಚಿಂತೆ ಆಗುವುದು ಏನೂ ಬರೆಯದೆ ನಡೆಯುವ ಪಾಲುದಾರಿಕೆ. ಇಲ್ಲಿ ಮಾತಿಗೆ ಬೆಲೆ ಇದೆ. ಅದು ಒಳ್ಳೆಯದೇ, ನನಗೂ ಇಷ್ಟ. ಆದರೆ "ನಾವು ಏನೂ ಬರೆದುಕೊಂಡಿಲ್ಲ, ಹಾಗಾಗಿ ನಾನು ಪಾರ್ಟ್‌ನರ್ ಅಲ್ಲ" ಅನ್ನುವ ಲೆಕ್ಕ ನಡೆಯುವುದಿಲ್ಲ. ಪಾಲುದಾರಿಕೆಗೆ ಕಾಗದ ಕಡ್ಡಾಯ ಅಲ್ಲ. ಇಬ್ಬರು ಸೇರಿ ವ್ಯಾಪಾರ ನಡೆಸಿ, ಲಾಭ ಹಂಚಿಕೊಂಡು, ಒಬ್ಬರ ಪರವಾಗಿ ಇನ್ನೊಬ್ಬರು ವ್ಯವಹರಿಸುತ್ತಿದ್ದರೆ ಅದು ಪಾಲುದಾರಿಕೆ ಅಂತ ಕೋರ್ಟ್ ಹೇಳಬಹುದು. ಏನೂ ಬರೆದಿಲ್ಲದಿದ್ದರೆ ಲಾಭ ನಷ್ಟ ಸಮಪಾಲು ಅಂತ ಕಾಯ್ದೆ ಹೇಳುತ್ತದೆ. ನೀವು ಹಾಕಿದ್ದು 1 ಲಕ್ಷ, ಅವನು ಹಾಕಿದ್ದು 9 ಲಕ್ಷ ಆದರೂ ಸರಿ.

ಹಿರಿಯರೊಬ್ಬರ ಕಥೆ ಹೇಳುತ್ತೇನೆ. ಅಕ್ಕನ ಮಗ ಕಾಳುಮೆಣಸು, ಏಲಕ್ಕಿ ಕೊಂಡು ಮಾರುವ ವ್ಯಾಪಾರ ಶುರು ಮಾಡಿದ. ಇವರದು ಅದರಲ್ಲಿ ಒಂದು ರೂಪಾಯಿಯೂ ಇರಲಿಲ್ಲ. ಹುಡುಗನಿಗೆ ಯಾರೂ ಉದ್ರಿ ಕೊಡುತ್ತಿಲ್ಲ ಅಂತ ಅವನ ಜೊತೆ ಊರೂರು ತಿರುಗಿದರು. ಹೋದಲ್ಲೆಲ್ಲ "ನಾವೇ ಮಾಡ್ತಾ ಇರೋದು, ಧೈರ್ಯವಾಗಿ ಕೊಡಿ" ಅಂದರು. ಅವರ ಮುಖ ನೋಡಿಯೇ ಜನ ಮಾಲು ಕೊಟ್ಟರು. ಹುಡುಗ ಕೈ ಎತ್ತಿದ ಮೇಲೆ ಲಾಯರ್ ನೋಟಿಸ್ ಬಂದದ್ದು ಮಾವನಿಗೆ. ಪಾಲುದಾರ ಅಲ್ಲದವರೂ ತಾನು ಪಾಲುದಾರ ಅಂತ ತೋರಿಸಿಕೊಂಡು, ಅದನ್ನು ನಂಬಿ ಯಾರಾದರೂ ಸಾಲ ಕೊಟ್ಟರೆ, ಆ ಸಾಲಕ್ಕೆ ಹೊಣೆ ಆಗುತ್ತಾರೆ. ಇದು ಅದೇ ಕಾಯ್ದೆಯ 28ನೇ ಸೆಕ್ಷನ್. ಆ ಹಿರಿಯರಿಗೆ ಸೆಕ್ಷನ್ ಓದಿ ಹೇಳುವಾಗ ನನಗೇ ಗಂಟಲು ಕಟ್ಟಿತು. ಅವರು ಮಾಡಿದ್ದು ಯಾವ ಮಾವನಾದರೂ ಮಾಡುವ ಕೆಲಸ. "ಒಳ್ಳೆಯ ಹುಡುಗ, ನನಗೆ ಗೊತ್ತು" ಅಂತ ಮಾತ್ರ ಹೇಳಿದ್ದರೆ ಬಹುಶಃ ಇಷ್ಟು ತೊಂದರೆ ಇರುತ್ತಿರಲಿಲ್ಲ. 'ನಾವೇ' ಅನ್ನುವ ಒಂದು ಮಾತು ಅವರನ್ನು ಒಳಗೆ ಎಳೆಯಿತು.

ಬಿಟ್ಟು ಹೋಗುವವರಿಗೂ ಇದೇ ಗತಿ. ಬಾಯಲ್ಲಿ "ನಾನಿನ್ನು ಇಲ್ಲ, ನೀನೇ ನೋಡ್ಕೋ" ಅಂದರೆ ಸಾಲದು. ನಿವೃತ್ತಿಯ ಪತ್ರ ಬೇಕು, ಸಾರ್ವಜನಿಕ ನೋಟಿಸ್ ಬೇಕು. ರಿಜಿಸ್ಟರ್ ಆದ ಫರ್ಮ್ ಆದರೆ ರಿಜಿಸ್ಟ್ರಾರಿಗೆ ತಿಳಿಸಿ, ಗೆಜೆಟ್ಟಿನಲ್ಲಿ ಮತ್ತು ಸ್ಥಳೀಯ ಭಾಷೆಯ ಒಂದು ಪತ್ರಿಕೆಯಲ್ಲಿ ಪ್ರಕಟಿಸಬೇಕು. ಅದಿಲ್ಲದಿದ್ದರೆ, ನೀವು ಪಾಲುದಾರ ಅಂತ ತಿಳಿದು ಆಮೇಲೆ ಸಾಲ ಕೊಟ್ಟವರೂ ನಿಮ್ಮನ್ನು ಹುಡುಕಿಕೊಂಡು ಬರಬಹುದು.

ಹಾಗಾದರೆ ಏನು ಮಾಡಬೇಕು? ಒಬ್ಬರೇ ಇದ್ದರೆ, ಸಣ್ಣದಾಗಿ ಶುರು ಮಾಡುತ್ತಿದ್ದರೆ, ಸುಮ್ನೆ ಸ್ವಂತ ಹೆಸರಲ್ಲೇ ಮಾಡಿ ಅಂತಲೇ ಹೇಳುತ್ತೇನೆ. ಮೊನ್ನೆ ಒಬ್ಬ ಹೆಣ್ಣುಮಗಳು ಕಾಚಂಪುಳಿ (ನಮ್ಮ ಕೊಡಗಿನ ಅಡುಗೆಯ ಹುಳಿರಸ) ಬಾಟಲಿಗಳನ್ನು ನನ್ನ ಮೇಜಿನ ಮೇಲೆ ಸಾಲಾಗಿ ಇಟ್ಟಳು. ಜೇನಿನಷ್ಟು ದಪ್ಪ, ಕಪ್ಪು, ಮುಚ್ಚಳ ತೆರೆದರೆ ಬಾಯಲ್ಲಿ ನೀರು. ಪಂದಿ ಕರಿಯ (ಹಂದಿ ಮಾಂಸದ ಸಾರಿನ) ಮಸಾಲೆ ಪುಡಿಯೂ ಇತ್ತು. "ಪ್ರೈವೇಟ್ ಲಿಮಿಟೆಡ್ ಮಾಡಿಕೊಡಿ ಸಾರ್, ಲೇಬಲ್ ಮೇಲೆ ಚೆನ್ನಾಗಿ ಕಾಣುತ್ತದೆ" ಅಂದಳು. ನಾನು ಬೇಡ ಅಂದೆ. ಕಂಪನಿ ಅಂದರೆ ವ್ಯಾಪಾರ ಒಂದು ರೂಪಾಯಿ ಆಗದಿದ್ದರೂ ಆಡಿಟ್ ಕಡ್ಡಾಯ, ಪ್ರತಿ ವರ್ಷ ಫಾರಂಗಳು, ತಡವಾದರೆ ಮುಖ್ಯ ಫಾರಂ ಒಂದಕ್ಕೆ ದಿನಕ್ಕೆ 100 ರೂಪಾಯಿ. ಸತತ ಮೂರು ವರ್ಷ ಫೈಲ್ ಮಾಡದಿದ್ದರೆ ಡೈರೆಕ್ಟರ್ 5 ವರ್ಷ ಅನರ್ಹ. 2017ರಲ್ಲಿ ದೇಶದಲ್ಲಿ 2 ಲಕ್ಷಕ್ಕೂ ಜಾಸ್ತಿ ಕಂಪನಿಗಳ ಹೆಸರನ್ನು ರಿಜಿಸ್ಟರಿನಿಂದ ಹೊಡೆದುಹಾಕಿದರು. ಅವಳದು ಅಡುಗೆಮನೆಯಲ್ಲಿ ನಡೆಯುವ ಕೆಲಸ, ಸಾಲ ಇಲ್ಲ, ಉದ್ರಿ ಇಲ್ಲ. ಸ್ವಂತ ವ್ಯಾಪಾರದಲ್ಲೂ ಹೊಣೆಗೆ ಮಿತಿ ಇಲ್ಲ ನಿಜ, ಆದರೆ ಅಲ್ಲಿ ಸಹಿ ಹಾಕುವವಳು ಅವಳೊಬ್ಬಳೇ. ಬೇರೆಯವರ ಸಹಿಗೆ ಅವಳ ಮನೆ ಹೋಗುವುದಿಲ್ಲ. ಮೂರ್ನಾಲ್ಕು ಲಕ್ಷ ಲಾಭಕ್ಕೆ ಅವಳಿಗೆ ಆದಾಯ ತೆರಿಗೆಯೂ ಬರುವುದಿಲ್ಲ. ಅದೇ ಫರ್ಮ್ ಅಥವಾ ಎಲ್‌ಎಲ್‌ಪಿ (ಲಿಮಿಟೆಡ್ ಲಯಬಿಲಿಟಿ ಪಾರ್ಟ್‌ನರ್‌ಶಿಪ್, ಅಂದರೆ ಹೊಣೆಗೆ ಮಿತಿ ಇರುವ ಪಾಲುದಾರಿಕೆ) ಆದರೆ, ಪಾಲುದಾರರ ಸಂಬಳ ಬಡ್ಡಿ ಕಳೆದು ಉಳಿದದ್ದಕ್ಕೆ ಮೊದಲ ರೂಪಾಯಿಯಿಂದಲೇ 30 ಪರ್ಸೆಂಟ್.

ಇಬ್ಬರು ಮೂವರು ಸೇರಿ, ಸಾಲವೋ ಉದ್ರಿಯೋ ಇರುವ, ಜನ ಬಂದು ತಂಗುವ, ಗಾಡಿ ಓಡುವ ವ್ಯವಹಾರ ಆದರೆ ಎಲ್‌ಎಲ್‌ಪಿ ಬಗ್ಗೆ ಗಂಭೀರವಾಗಿ ಯೋಚಿಸಿ. 2008ರ ಕಾಯ್ದೆ. ಅಲ್ಲಿ ಸಂಸ್ಥೆಯೇ ಬೇರೆ ವ್ಯಕ್ತಿ. ಸಂಸ್ಥೆಯ ಸಾಲಕ್ಕೆ ಸಂಸ್ಥೆಯ ಆಸ್ತಿ ಹೊಣೆ. ಸಾಮಾನ್ಯವಾಗಿ ನೀವು ಕಳೆದುಕೊಳ್ಳುವುದು ಹಾಕಿದ, ಹಾಕುತ್ತೇನೆ ಅಂತ ಒಪ್ಪಿದ ಬಂಡವಾಳ. ವರ್ಷಕ್ಕೆ ಎರಡು ಫಾರಂ, ಒಂದು ಮೇ 30ರೊಳಗೆ, ಇನ್ನೊಂದು ಅಕ್ಟೋಬರ್ 30ರೊಳಗೆ. ಆ ಕಾಯ್ದೆಯ ಪ್ರಕಾರ ಆಡಿಟ್ ಬೇಕಾಗುವುದು ವಹಿವಾಟು 40 ಲಕ್ಷ ಅಥವಾ ಬಂಡವಾಳ 25 ಲಕ್ಷ ದಾಟಿದರೆ.

ಇಲ್ಲೂ ಒಂದು ಎಚ್ಚರಿಕೆ ಹೇಳದಿದ್ದರೆ ನನ್ನ ಕೆಲಸ ಅರ್ಧ ಮಾಡಿದ ಹಾಗೆ. ಎಲ್‌ಎಲ್‌ಪಿ ಇರಲಿ ಕಂಪನಿ ಇರಲಿ, ಸಣ್ಣ ಸಂಸ್ಥೆಗೆ ಸಾಲ ಕೊಡುವಾಗ ಬ್ಯಾಂಕಿನವರು ಸಾಮಾನ್ಯವಾಗಿ ನಿಮ್ಮಿಂದ ವೈಯಕ್ತಿಕ ಜಾಮೀನು ಕೇಳುತ್ತಾರೆ. ಅದಕ್ಕೆ ಸಹಿ ಹಾಕಿದರೆ ಆ ಸಾಲದ ಮಟ್ಟಿಗೆ ಗೋಡೆಯನ್ನು ನೀವೇ ಒಡೆದ ಹಾಗೆ. ಮೇಷ್ಟ್ರ ಕೇಸಿನಲ್ಲಿ ಎಲ್‌ಎಲ್‌ಪಿ ಇದ್ದು, ಅವರು ಜಾಮೀನು ಹಾಕಿದ್ದರೆ ಕಥೆ ಇಷ್ಟೇ ಆಗುತ್ತಿತ್ತು. ಎಲ್‌ಎಲ್‌ಪಿ ಕಾಪಾಡುವುದು ನೀವು ಸಹಿ ಹಾಕದ ಸಾಲಗಳಿಂದ: ಪಾಲುದಾರ ನಿಮಗೆ ಹೇಳದೆ ತಂದ ಉದ್ರಿ, ಅವನ ತಪ್ಪಿನಿಂದ ಬಂದ ಪರಿಹಾರದ ಕೇಸು. ನಿಮ್ಮದೇ ತಪ್ಪು, ಮೋಸ ಇದ್ದರೆ ಅದೂ ಇಲ್ಲ. ಜಾಮೀನು ಪತ್ರವನ್ನು ಮನೆಗೆ ತಂದು ಓದಿ. ಬ್ಯಾಂಕಿನ ಮೇಜಿನ ಮೇಲೆ ಪೆನ್ಸಿಲ್ ಗುರುತು ಹಾಕಿದ ಕಡೆಯಲ್ಲೆಲ್ಲ ಸಹಿ ಹಾಕುತ್ತಾ ಹೋಗಬೇಡಿ.

ಜಮ್ಮಾ ಜಾಗದಲ್ಲಿ (ಕೊಡಗಿನಲ್ಲಿ ಮನೆತನಕ್ಕೆ ವಂಶಪಾರಂಪರ್ಯವಾಗಿ ಬಂದ ಭೂಮಿಯಲ್ಲಿ) ಹೋಂಸ್ಟೇ ಕಟ್ಟುವವರು ಇನ್ನೂ ಒಂದು ಹೆಜ್ಜೆ ಹಿಂದಕ್ಕೆ ಬರಬೇಕು. ಆರ್‌ಟಿಸಿಯಲ್ಲಿ, ಅಂದರೆ ಪಹಣಿಯಲ್ಲಿ, ಮನೆತನದ ಮುಖ್ಯಸ್ಥರಾದ ಪಟ್ಟೇದಾರರ ಹೆಸರು, ಜೊತೆಗೆ ಒಕ್ಕದವರ (ಅದೇ ಮನೆತನದವರ) ಹೆಸರುಗಳು. ಆ ಜಾಗವನ್ನು ನಿಮ್ಮೊಬ್ಬರ ಬಂಡವಾಳ ಅಂತ ಡೀಡಿನಲ್ಲಿ ಬರೆಯುವ ಮೊದಲು ಜಮೀನಿನ ಕಾನೂನು ಗೊತ್ತಿರುವ ವಕೀಲರಿಗೆ ತೋರಿಸಿ. ಅದು ನನ್ನ ಮೇಜಿನಲ್ಲಿ ಮುಗಿಯುವ ಕೆಲಸ ಅಲ್ಲ.

ಈಗ ನನ್ನ ಮುಂದಿರುವುದು ಅಣ್ಣ ತಮ್ಮಂದಿರ ಮಕ್ಕಳಿಬ್ಬರ ಫೈಲು. ದೊಡ್ಡವನದು ಪಾಲಿಬೆಟ್ಟ ಕಡೆ ರೋಬಸ್ಟಾ ತೋಟ, ಅವನ ಹೆಸರಲ್ಲೇ ಇದೆ. ಚಿಕ್ಕವನು ಕಾಫಿ ಹುರಿಯುವುದನ್ನು ಕಲಿತು ಬಂದಿದ್ದಾನೆ. ಹುರಿದು, ಪುಡಿ ಮಾಡಿ, ಸ್ವಂತ ಬ್ರ್ಯಾಂಡಿನಲ್ಲಿ ಮಾರಬೇಕಂತೆ. ದೊಡ್ಡವನು ಒಬ್ಬನೇ ಬೆಳೆದು, ಹುರಿದು, ಪುಡಿ ಮಾಡಿ ಮಾರಿದರೆ ಆದಾಯದಲ್ಲಿ 40 ಪರ್ಸೆಂಟ್ ಮಾತ್ರ ವ್ಯಾಪಾರದ ಆದಾಯ, ಉಳಿದದ್ದು ಕೃಷಿ ಆದಾಯ. ಬೆಳೆದು ಕ್ಯೂರಿಂಗ್ ಮಾತ್ರ ಮಾಡಿ (ಸಿಪ್ಪೆ ತೆಗೆದು ಬೀಜ ಹಸನು ಮಾಡಿ) ಮಾರಿದರೆ 25 ಪರ್ಸೆಂಟ್. ಇದು ಬೆಳೆದವನೇ ಮಾರಿದರೆ ಸಿಗುವ ಲೆಕ್ಕ. ಇಬ್ಬರೂ ಸೇರಿ ಎಲ್‌ಎಲ್‌ಪಿ ಮಾಡಿದರೆ, ಬೆಳೆದವನು ಎಲ್‌ಎಲ್‌ಪಿ ಅಲ್ಲ. ಅದರ ಲಾಭ ಪೂರ್ತಿ ವ್ಯಾಪಾರದ ಆದಾಯ. ಹಾಗಂತ ದೊಡ್ಡವನಿಗೆ ಎಲ್ಲ ಹೋಯಿತು ಅಂತಲ್ಲ. ಕಣದಲ್ಲಿ ಒಣಗಿದ ಚೆರ್ರಿಯನ್ನು (ಕಾಫಿ ಹಣ್ಣನ್ನು) ಅವನು ಎಲ್‌ಎಲ್‌ಪಿಗೆ ಆ ದಿನದ ಮಾರುಕಟ್ಟೆ ಬೆಲೆಗೆ ಮಾರಬಹುದು, ಆ ಆದಾಯ ಕೃಷಿಯದ್ದೇ. ಬಿಲ್ ಸರಿಯಾಗಿ ಇಟ್ಟುಕೊಳ್ಳಬೇಕು, ಬೆಲೆ ಏರಿಸಿ ಬರೆಯಬಾರದು.

ಮೊದಲ ದಿನ ಇಬ್ಬರೂ "ಡೀಡ್ ಒಂದು ಬರೆದುಕೊಡಿ ಸಾರ್, 60–40 ಸಾಕು" ಅಂತ ಬಂದಿದ್ದರು. ಮೇಷ್ಟ್ರ ಕಥೆ ಹೇಳಿದೆ. ಚಿಕ್ಕವನು ಸುಮ್ಮನೆ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದ: "ರೋಸ್ಟರ್ ಮಷಿನಿನ ಸಾಲಕ್ಕೆ ಅಣ್ಣ ಜಾಮೀನು ಹಾಕಿದರೆ ಅವನ ತೋಟ ಸಿಕ್ಕಿಹಾಕಿಕೊಳ್ಳುತ್ತದಾ?" ಅವನ ಸ್ವಂತ ಆಸ್ತಿಯೆಲ್ಲ ಆ ಜಾಮೀನಿಗೆ ಹೊಣೆ ಅಂತ ಹೇಳಿದೆ. ಹಾಗಾದರೆ ಮೊದಲ ವರ್ಷ ಸಾಲದ ಮಷಿನ್ ಬೇಡ, ಬೇರೆಯವರ ಹತ್ತಿರ ಕೂಲಿಗೆ ಹುರಿಸುತ್ತೇವೆ ಅಂತ ಅವರೇ ತೀರ್ಮಾನ ಮಾಡಿದರು. ಎಲ್‌ಎಲ್‌ಪಿ ಕಾಗದ ತಯಾರಾಗುತ್ತಿದೆ. ಹೆಸರು ಇನ್ನೂ ಆರಿಸಿಲ್ಲ. ಪುತ್ತರಿ ಸುಗ್ಗಿ ಹಬ್ಬಕ್ಕೆ ಐನ್‌ಮನೆಯಲ್ಲಿ (ಮನೆತನದ ಮೂಲಮನೆಯಲ್ಲಿ) ಎಲ್ಲರೂ ಸೇರುತ್ತಾರೆ, ಅಲ್ಲಿ ಕೇಳಿಕೊಂಡು ಬರುತ್ತೇವೆ ಅಂದಿದ್ದಾರೆ.