ಹಾನ್ ಕುವೊ-ಯು: ಗೆಲ್ಲಿಸಿದ ಊರೇ ಕೆಳಗಿಳಿಸಿದ ಕಥೆ

ತೈವಾನ್‌ನ ದಕ್ಷಿಣದ ಬಂದರು ನಗರ ಕಾವೊಶ್ಯುಂಗ್‌ನಲ್ಲಿ 2018ರ ಮೇಯರ್ ಚುನಾವಣೆಗೆ ಕುವೊಮಿಂಟಾಂಗ್ ಪಕ್ಷ ಹಾನ್ ಕುವೊ-ಯು ಅವರನ್ನು ನಿಲ್ಲಿಸಿದಾಗ, ಗೆಲ್ಲುವ ಭರವಸೆ ಪಕ್ಷದೊಳಗೂ ಹೆಚ್ಚಿರಲಿಲ್ಲ. 1998ರಿಂದ ಆ ನಗರ ಎದುರಾಳಿ ಪಕ್ಷವಾದ ಡಿಪಿಪಿಯ (ಡೆಮಾಕ್ರಟಿಕ್ ಪ್ರೋಗ್ರೆಸಿವ್ ಪಾರ್ಟಿ) ಭದ್ರಕೋಟೆ. ಹಾನ್ ಒಂದು ಕಾಲದ ಸಂಸದರು, ಆಮೇಲೆ ರಾಜಧಾನಿ ತೈಪೆಯ ಸಗಟು ತರಕಾರಿ ಮಾರುಕಟ್ಟೆ ಸಂಸ್ಥೆಯ ವ್ಯವಸ್ಥಾಪಕರು. ಬೋಳು ತಲೆ, ತಿಳಿನೀಲಿ ಅಂಗಿ. ಪ್ರಚಾರಕ್ಕೆ ತನಗೆ ಒಂದು ಬಾಟಲಿ ನೀರು, ಮಾಂಸದ ಗೊಜ್ಜು ಸುರಿದ ಒಂದು ಬಟ್ಟಲು ಅನ್ನ ಸಾಕು ಎಂದರು.

ಜನರ ಮನಸ್ಸಿಗೆ ನಾಟಿದ್ದು ಆ ಬಟ್ಟಲಿಗಿಂತ ಅವರು ಮುಟ್ಟಿದ ನೋವು. 1990ರ ದಶಕದಲ್ಲಿ ಕಂಟೇನರ್ ಸಾಗಣೆಯಲ್ಲಿ ಜಗತ್ತಿನ ಮೊದಲ ಮೂರು ಬಂದರುಗಳಲ್ಲಿ ಒಂದಾಗಿದ್ದ ಕಾವೊಶ್ಯುಂಗ್ ಕ್ರಮೇಣ ಹಿಂದೆ ಬಿದ್ದಿತ್ತು. ಓದಿದ ಮಕ್ಕಳು ಕೆಲಸ ಹುಡುಕಿಕೊಂಡು ತೈಪೆಗೆ ಹೋಗುತ್ತಿದ್ದರು. ಇವರಿಗೆ ಅಲ್ಲಿ 'ಬೇಯ್‌ಪಿಯಾವ್' ಎಂದು ಹೆಸರು. ಉತ್ತರದತ್ತ ತೇಲಿಹೋದವರು ಎಂದರ್ಥ. 'ಸರಕು ಹೊರಗೆ ಹೋಗಲಿ, ಜನ ಒಳಗೆ ಬರಲಿ, ಕಾವೊಶ್ಯುಂಗ್ ಸಿರಿವಂತವಾಗಲಿ' ಎಂಬ ಹಾನ್ ಘೋಷಣೆಯಲ್ಲಿ ಮಕ್ಕಳ ದಾರಿ ಕಾಯುವ ತಂದೆತಾಯಿಯರಿಗೆ ತಮ್ಮ ಮನೆಯ ಮಾತೇ ಕೇಳಿಸಿತು. ಮೈದಾನಗಳು ತುಂಬಿದವು. ಕೊರಿಯಾದ ಪಾಪ್ ಸಂಸ್ಕೃತಿಯ ಅಲೆಗೆ ಚೀನೀ ಭಾಷೆಯಲ್ಲಿರುವ 'ಹಾನ್‌ಲ್ಯು' ಎಂಬ ಹೆಸರೇ ಅವರ ಅಲೆಗೂ ಅಂಟಿಕೊಂಡಿತು. ನವೆಂಬರ್ 24ರಂದು 8,92,545 ಮತ ಪಡೆದು ಅವರು ಗೆದ್ದರು.

ಇಲ್ಲಿಂದ ಮುಂದಿನದು ಅವಸರದ ಕಥೆ. ಡಿಸೆಂಬರ್ 25ರಂದು ಅಧಿಕಾರ ವಹಿಸಿಕೊಂಡವರು ಮರುವರ್ಷದ ಜುಲೈಗಾಗಲೇ ಪಕ್ಷದ ಅಧ್ಯಕ್ಷೀಯ ಅಭ್ಯರ್ಥಿ! ಅಕ್ಟೋಬರ್‌ನಲ್ಲಿ ಮೇಯರ್ ಕೆಲಸಕ್ಕೆ ರಜೆ ಹಾಕಿ ಪ್ರಚಾರಕ್ಕೆ ಹೊರಟರು. ಮಕ್ಕಳು ಬಿಟ್ಟುಹೋದರೆಂದು ಕೊರಗುತ್ತಿದ್ದ ಊರನ್ನು ಮೇಯರ್ ಕೂಡ ಬಿಟ್ಟು ಹೊರಟಂತಾಯಿತು. ನನ್ನ ದೃಷ್ಟಿಯಲ್ಲಿ ಅವರ ಜನಪ್ರಿಯತೆ ಒಡೆದದ್ದು ಇಲ್ಲಿಯೇ. ಹೊರಗಿನ ಗಾಳಿಯೂ ಅಷ್ಟರಲ್ಲಿ ತಿರುಗಿತ್ತು. 2019ರ ಮಾರ್ಚ್‌ನಲ್ಲಿ ಅವರು ಹಾಂಗ್‌ಕಾಂಗ್‌ನಲ್ಲಿರುವ ಚೀನಾದ ಸಂಪರ್ಕ ಕಚೇರಿಗೆ ಭೇಟಿ ಕೊಟ್ಟಿದ್ದರು. ಜೂನ್‌ನಲ್ಲಿ ಅದೇ ಹಾಂಗ್‌ಕಾಂಗ್‌ನ ಬೀದಿಗಳಲ್ಲಿ ಚೀನಾದ ಹಿಡಿತದ ವಿರುದ್ಧ ಪ್ರತಿಭಟನೆ ಭುಗಿಲೆದ್ದಿತು. ಚೀನಾದ ವಿಷಯದಲ್ಲಿ ಗಟ್ಟಿ ನಿಲುವು ತಳೆದ, ಡಿಪಿಪಿಯವರಾದ ಆಗಿನ ದೇಶದ ಅಧ್ಯಕ್ಷೆ ತ್ಸಾಯ್ ಇಂಗ್-ವೆನ್ ಮತ್ತೆ ಮೇಲೆದ್ದರು.

ತೈವಾನ್‌ನಲ್ಲಿ ಅಂಚೆ ಮತದಾನವಿಲ್ಲ. ಮನೆ ನೋಂದಣಿ ಎಲ್ಲಿದೆಯೋ ಅಲ್ಲಿಗೇ ಹೋಗಿ ಮತ ಹಾಕಬೇಕು. ಹೀಗಾಗಿ, ಯಾರ ಹೆಸರು ಹೇಳಿ ಹಾನ್ ಮತ ಕೇಳಿದ್ದರೋ ಆ ಯುವಕರು ಚುನಾವಣೆಗೆಂದು ರೈಲು ಹತ್ತಿ ಊರಿಗೆ ಬಂದರು. 2020ರ ಜನವರಿ 11ರಂದು ತ್ಸಾಯ್ ಅವರಿಗೆ ಸುಮಾರು 81.7 ಲಕ್ಷ ಮತ, ಹಾನ್ ಅವರಿಗೆ ಸುಮಾರು 55.2 ಲಕ್ಷ. ತಮ್ಮದೇ ನಗರದಲ್ಲೂ ಅವರು ಬಹಳ ಹಿಂದುಳಿದರು.

ಮೇಯರ್ ಕುರ್ಚಿಗೆ ಮರಳಿದರೂ ಊರು ಅವರನ್ನು ಒಪ್ಪಲಿಲ್ಲ. ಚುನಾಯಿತರನ್ನು ಅವಧಿಗೆ ಮುನ್ನವೇ ಮತ ಹಾಕಿ ಇಳಿಸುವ ಪದಚ್ಯುತಿಗೆ ಅರ್ಧದಷ್ಟು ಮತದಾರರು ಮತ ಹಾಕಲೇಬೇಕೆಂಬ ಹಳೆಯ ನಿಯಮವನ್ನು 2016ರಲ್ಲಿ ಸಡಿಲಿಸಲಾಗಿತ್ತು. ಪರ ಮತಗಳು ವಿರೋಧ ಮತಗಳಿಗಿಂತ ಹೆಚ್ಚಿದ್ದು, ಒಟ್ಟು ಮತದಾರರ ಕಾಲು ಭಾಗವನ್ನು ಮುಟ್ಟಿದರೆ ಸಾಕಿತ್ತು. ಮತಗಟ್ಟೆಗೆ ಹೋಗಬೇಡಿ ಎಂದು ಹಾನ್ ಬೆಂಬಲಿಗರಿಗೆ ಹೇಳಿದರು. ಜೂನ್ 6ರಂದು ಅವರನ್ನು ಇಳಿಸಲು ಬಿದ್ದ ಮತಗಳು 9,39,090. ಗೆಲ್ಲಿಸಿದ ಮತಗಳಿಗಿಂತ ಅವು 46,545 ಹೆಚ್ಚು. ತೈವಾನ್‌ನಲ್ಲಿ ಮೇಯರ್ ಒಬ್ಬರನ್ನು ಮತದಾರರು ಹೀಗೆ ಕೆಳಗಿಳಿಸಿದ್ದು ಅದೇ ಮೊದಲು.

2024ರಲ್ಲಿ ಹಾನ್ ಸಂಸತ್ತಿಗೆ ಮರಳಿ, ಫೆಬ್ರುವರಿ 1ರಂದು ಸಭಾಧ್ಯಕ್ಷರಾದರು. ಈ ಸಲ ಅವರು ಆಯ್ಕೆಯಾದದ್ದು ಕ್ಷೇತ್ರವೊಂದರಿಂದಲ್ಲ, ಪಕ್ಷದ ರಾಷ್ಟ್ರೀಯ ಪಟ್ಟಿಯ ಮೊದಲ ಹೆಸರಾಗಿ.