ಹಾಲುಹಲ್ಲಿನ ಟಿಪ್ಪಣಿ: ಪಲ್ಪಾಟಮಿಯೋ ಪಲ್ಪೆಕ್ಟಮಿಯೋ ಎಂಬಲ್ಲಿ ನಾನು ಎಡವಿದ್ದು

ಪೆಡೋ, ಅಂದರೆ ಮಕ್ಕಳ ಹಲ್ಲಿನ ವಿಭಾಗದ ಪೋಸ್ಟಿಂಗ್ ಮುಗಿದು ನಾಲ್ಕು ದಿನ ಆಯಿತು. ಮುಂದಿನ ವಾರ ವೈವಾ, ಬಾಯಿಮಾತಿನ ಪರೀಕ್ಷೆ. ಮುಂಬೈಯ ಡೊಂಬಿವಲಿ ಲೋಕಲ್ ಟ್ರೇನ್‌ನಲ್ಲಿ ಸೀಟು ಸಿಕ್ಕ ದಿನ ಪುಸ್ತಕ ತೆಗೆಯುತ್ತೇನೆ, ಸಿಗದ ದಿನ ನಿಂತುಕೊಂಡೇ ಮನಸ್ಸಿನಲ್ಲಿ ಹೇಳಿಕೊಳ್ಳುತ್ತೇನೆ. ಓದುವುದು ಇಂಗ್ಲಿಷ್‌ನಲ್ಲಿ, ಪೇಷಂಟ್ ಜೊತೆ ಮಾತು ಮರಾಠಿಯಲ್ಲಿ, ತಲೆಗೆ ಹೋಗುವುದು ಮಾತ್ರ ಕನ್ನಡದಲ್ಲಿ. ಹಾಗಾಗಿ ಈ ಟಿಪ್ಪಣಿ. ನನ್ನ ಜೊತೆ ಓದುವ ವಿಜಯಪುರದ ಗೆಳತಿಗೂ, ಮುಂದಿನ ಬ್ಯಾಚ್‌ನ ಕನ್ನಡದ ಹುಡುಗ ಹುಡುಗಿಯರಿಗೂ ಉಪಯೋಗ ಆಗಬಹುದು. ಹುಳುಕು ಹೇಗೆ ಆಗುತ್ತದೆ, ಹಲ್ಲಿನ ಪದರಗಳು ಯಾವುವು ಅನ್ನುವುದೆಲ್ಲ ನಿಮಗೆ ಗೊತ್ತು ಅಂದುಕೊಂಡು ಬಿಟ್ಟಿದ್ದೇನೆ.

ನಂಬರ್ ಮತ್ತು ನನ್ನ 40ರ ಲೆಕ್ಕ

ಹಾಲುಹಲ್ಲು ಒಟ್ಟು 20. ಬಾಯಿಯ ಒಂದು ಕಾಲುಭಾಗಕ್ಕೆ ಐದು: ಎ, ಬಿ, ಸಿ, ಡಿ, ಇ. ಎ ಮತ್ತು ಬಿ ಮುಂದಿನವು, ಸಿ ಕೋರೆ, ಡಿ ಮತ್ತು ಇ ದವಡೆ ಹಲ್ಲು. ಹಾಲುಹಲ್ಲಿನಲ್ಲಿ ಪ್ರೀಮೋಲಾರ್ (ಕೋರೆ ಮತ್ತು ದವಡೆ ಹಲ್ಲಿನ ನಡುವಿನವು) ಇಲ್ಲ. ಡಿ ಮತ್ತು ಇ ಬಿದ್ದ ಜಾಗದಲ್ಲೇ ಮುಂದೆ ಪ್ರೀಮೋಲಾರ್ ಬರುತ್ತವೆ.

ಎಫ್‌ಡಿಐ ನಂಬರಿನಲ್ಲಿ ಪ್ರತಿ ಹಲ್ಲಿಗೂ ಎರಡು ಅಂಕಿ: ಮೊದಲನೆಯದು ಕಾಲುಭಾಗ, ಎರಡನೆಯದು ಮಧ್ಯದಿಂದ ಎಣಿಸಿದ ಹಲ್ಲು. ದೊಡ್ಡವರ ಕಾಲುಭಾಗ 1ರಿಂದ 4, ಮಕ್ಕಳದ್ದು 5ರಿಂದ 8. ಪೇಷಂಟಿನ ಬಲಗಡೆ ಮೇಲೆ ಶುರು ಮಾಡಿ ಸುತ್ತು ಹಾಕಬೇಕು. ನಾನು ಕಂಡುಕೊಂಡ ಸುಲಭ ದಾರಿ ಏನೆಂದರೆ, ಹಾಲುಹಲ್ಲಿನ ನಂಬರಿನಿಂದ 40 ಕಳೆಯಿರಿ. ಅದರ ಜಾಗಕ್ಕೆ ಬರುವ ಖಾಯಂ ಹಲ್ಲು ಸಿಗುತ್ತದೆ. 85ರ ಕೆಳಗೆ ಕಾಯುತ್ತಿರುವುದು 45. 51 ಬಿದ್ದರೆ 11. ಇಪ್ಪತ್ತು ಹಲ್ಲಿಗೂ ಇದು ಸರಿಹೋಗುತ್ತದೆ, ಬೇಕಾದರೆ ಕೂತು ನೋಡಿ.

ಈ ಲೆಕ್ಕದಿಂದ ಇನ್ನೊಂದು ಲಾಭ ಇದೆ. 46ಕ್ಕೆ 40 ಕೂಡಿಸಿದರೆ 86. ಅಂಥ ಹಾಲುಹಲ್ಲೇ ಇಲ್ಲ. ಅಂದರೆ ಮಧ್ಯದಿಂದ ಎಣಿಸುತ್ತಾ ಹೋದಾಗ ಆರನೆಯ ಹಲ್ಲು ಸಿಕ್ಕಿತು ಎಂದರೆ ಅದು ಖಾಯಂ ಹಲ್ಲು. ಆರು ವರ್ಷದ ಹೊತ್ತಿಗೆ ಇ ಹಿಂದೆ ಸದ್ದಿಲ್ಲದೆ ಬರುತ್ತದೆ. ಯಾವ ಹಲ್ಲೂ ಬೀಳದೆ ಬರುವುದರಿಂದ ಅಪ್ಪ ಅಮ್ಮ ಅದನ್ನೂ ಹಾಲುಹಲ್ಲು ಅಂದುಕೊಳ್ಳುತ್ತಾರೆ. ಹುಳುಕಾದರೂ ‘ಪಡ್ಣಾರಚ್ ಆಹೇ ನಾ’ ಅನ್ನುತ್ತಾರೆ, ಹೇಗೂ ಬೀಳುತ್ತದಲ್ಲ ಅಂತ. ಅದು ಬೀಳುವ ಹಲ್ಲಲ್ಲ! ಓಪಿಡಿಯಲ್ಲಿ ನನಗೆ ಅತಿ ಜಾಸ್ತಿ ಬೇಜಾರು ಮಾಡಿದ ಮಾತು ಇದು. ಈ ಹಲ್ಲಿನ ಮೇಲೆ ಆಳವಾದ ಗೆರೆಗಳಿದ್ದರೆ, ಹುಳುಕು ಶುರುವಾಗುವ ಮೊದಲೇ ಸೀಲಂಟ್ (ಗೆರೆ ಮುಚ್ಚುವ ಲೇಪ) ಹಾಕಬೇಕು. ಡ್ರಿಲ್ ಬೇಡ, ಇಂಜೆಕ್ಷನ್ ಬೇಡ.

ಹಲ್ಲು ಬರುವ ವಯಸ್ಸಿಗೆ 7+4 ಸಾಕು. ಏಳನೇ ತಿಂಗಳಿಗೆ ಮೊದಲ ಹಲ್ಲು, ಆಮೇಲೆ ನಾಲ್ಕು ನಾಲ್ಕು ತಿಂಗಳಿಗೆ ನಾಲ್ಕು ನಾಲ್ಕು. 11ಕ್ಕೆ 4, 15ಕ್ಕೆ 8, 19ಕ್ಕೆ 12, 23ಕ್ಕೆ 16, 27ಕ್ಕೆ 20. ಹೆಚ್ಚುಕಡಿಮೆ ಆಗುತ್ತದೆ, ಅದಕ್ಕೆ ಗಾಬರಿ ಬೇಡ. ಬರುವ ಸಾಲು ಎ, ಬಿ, ಡಿ, ಸಿ, ಇ. ಡಿ ಮೊದಲು, ಸಿ ಆಮೇಲೆ. ಪರೀಕ್ಷೆಯಲ್ಲಿ ಕೇಳುವುದೇ ಇದನ್ನು.

ಪಲ್ಪಾಟಮಿ, ಪಲ್ಪೆಕ್ಟಮಿ: ನನ್ನ ತಲೆ ಕೆಟ್ಟಿದ್ದು ಇಲ್ಲೇ

ಹಾಲುಹಲ್ಲಿನ ಎನಾಮಲ್ (ಗಟ್ಟಿ ಹೊರಪದರ) ತೆಳು, ದೊಡ್ಡವರ ಹಲ್ಲಿನ ಅರ್ಧದಷ್ಟು. ಪಲ್ಪಿನ (ಹಲ್ಲಿನೊಳಗಿನ ನರ, ರಕ್ತನಾಳ ಇರುವ ಮೆತ್ತನೆಯ ಭಾಗ) ಕೊಂಬುಗಳು ಮೇಲೆ ಚಾಚಿಕೊಂಡಿರುತ್ತವೆ. ಹಾಗಾಗಿ ಹುಳುಕು ಬೇಗ ನರಕ್ಕೆ ಮುಟ್ಟುತ್ತದೆ. ಮುಟ್ಟಿದ ಮೇಲೆ ಎರಡು ದಾರಿ. ತಲೆಭಾಗದ ಪಲ್ಪ್ ಮಾತ್ರ ತೆಗೆದು ಬೇರಿನದ್ದನ್ನು ಉಳಿಸಿದರೆ ಪಲ್ಪಾಟಮಿ. ಬೇರಿನದ್ದನ್ನೂ ತೆಗೆದರೆ ಪಲ್ಪೆಕ್ಟಮಿ. ವ್ಯಾಖ್ಯೆ ಎಲ್ಲರಿಗೂ ಬಾಯಿಪಾಠ. ಯಾವ ಮಗುವಿಗೆ ಯಾವುದು ಅನ್ನುವುದೇ ಬರುವುದಿಲ್ಲ.

ನನ್ನ ಮೊದಲ ತಪ್ಪು ಎಕ್ಸ್‌ರೇಯಲ್ಲಿ. ಕಲಬುರಗಿ ಕಡೆಯ ಒಬ್ಬ ತಾಯಿ ಆರು ವರ್ಷದ ಮಗಳನ್ನು ಕರೆದುಕೊಂಡು ಬಂದಿದ್ದರು. ಕಟ್ಟಡದ ಕೆಲಸಕ್ಕೆ ಬಂದವರು, ಮರಾಠಿ ಅಷ್ಟಾಗಿ ಬಾರದು. ಕನ್ನಡ ಬರುತ್ತದೆ ಅಂತ ನನ್ನನ್ನು ಕರೆದರು. ‘ಬೀಳೂ ಹಲ್ಲ ಅಲ್ರೀ ಅಕ್ಕಾರ, ಕಿತ್ತಿ ಒಗೀರಿ’ ಅಂದರು ತಾಯಿ. ಕೆಳಗಿನ ಇ, 75. ಎಕ್ಸ್‌ರೇ ತೆಗೆದೆವು. ನಾನು ಬೇರಿನ ತುದಿ ನೋಡಿದೆ. ಎರಡೂ ತುದಿ ಸ್ವಚ್ಛ. ಧೈರ್ಯವಾಗಿ ಪಲ್ಪಾಟಮಿ ಅಂತ ಬರೆದೆ. ಮೇಡಂ ಕೇಳಿದ್ದು ಒಂದೇ ಪ್ರಶ್ನೆ: ‘ಎರಡು ಬೇರಿನ ನಡುವೆ ಏನಿದೆ?’ ನೋಡಿದರೆ ಅಲ್ಲಿ ಕಪ್ಪು ಮೋಡ, ಸೋಂಕಿನ ಗುರುತು.

ದೊಡ್ಡವರ ಹಲ್ಲಿನಲ್ಲಿ ಸೋಂಕು ಬೇರಿನ ತುದಿಯಿಂದ ಹೊರಗೆ ಬರುತ್ತದೆ, ನಾವು ತುದಿ ನೋಡಿ ನೋಡಿ ಅಭ್ಯಾಸ ಆಗಿರುತ್ತದೆ. ಹಾಲುದವಡೆಯಲ್ಲಿ ಪಲ್ಪ್ ಕೋಣೆಯ ನೆಲ ತೆಳು, ಅದರಲ್ಲಿ ಸಣ್ಣ ಸಣ್ಣ ಅಡ್ಡ ಕಾಲುವೆಗಳೂ ಇರುತ್ತವೆ. ಕೀವು ತುದಿಯವರೆಗೆ ಇಳಿಯುವ ಮೊದಲೇ ನೆಲದಿಂದ ಸೋರುತ್ತದೆ, ಬೇರು ಕವಲೊಡೆಯುವ ಜಾಗಕ್ಕೆ. ಆ ಜಾಗಕ್ಕೆ ಫರ್ಕೇಶನ್ ಅಂತ ಹೆಸರು. ಹಾಲುಹಲ್ಲಿನ ಎಕ್ಸ್‌ರೇಯಲ್ಲಿ ಕಣ್ಣು ಮೊದಲು ಹೋಗಬೇಕಾದದ್ದು ಅಲ್ಲಿಗೆ. ಅಲ್ಲಿ ಕಪ್ಪು ಕಂಡರೆ ಪಲ್ಪಾಟಮಿಯ ಮಾತೇ ಇಲ್ಲ. ವಸಡಿನ ಮೇಲೆ ಕೀವಿನ ಗುಳ್ಳೆ ಇದ್ದರೂ ಇಲ್ಲ. ಹಲ್ಲು ಅಲುಗಾಡುತ್ತಿದ್ದರೂ ಇಲ್ಲ, ಬೀಳುವ ವಯಸ್ಸಿನ ಅಲುಗಾಟ ಬೇರೆ.

ನೋವಿನ ಬಗ್ಗೆ ತಾಯಿಯನ್ನು ಒಂದೇ ಪ್ರಶ್ನೆ ಕೇಳಿ: ‘ರಾತ್ರಿ ಮಲಗಿದಾಗ ಎದ್ದು ಅಳ್ತಾಳಾ?’ ತಿನ್ನುವಾಗ ಮಾತ್ರ ನೋವು ಬಂದು ಹೋಗುತ್ತಿದ್ದರೆ ಇನ್ನೂ ಆಸೆ ಇದೆ. ತಾನಾಗಿಯೇ ನೋವು ಬಂದು ನಿದ್ದೆ ಕೆಡಿಸುತ್ತಿದ್ದರೆ ಬೇರಿನ ಪಲ್ಪೂ ಕೆಟ್ಟಿದೆ ಅಂದುಕೊಳ್ಳಿ. ಆದರೆ ಡಿ ಮತ್ತು ಇ ನಡುವೆ ಅನ್ನ ಸಿಕ್ಕಿಕೊಂಡು ವಸಡು ಒತ್ತಿದರೂ ಮಗು ಅಳುತ್ತದೆ. ಮೊದಲು ಅಲ್ಲಿ ತೊಳೆದು ನೋಡಿ.

ಈಗ ಎರಡನೆಯ ತಪ್ಪು. ಇದನ್ನು ನಿಧಾನವಾಗಿ ಬರೆಯುತ್ತೇನೆ, ನನಗೇ ಬೇಕು.

ಇನ್ನೊಂದು ಮಗು, 54. ರಾತ್ರಿ ನೋವಿಲ್ಲ, ಫರ್ಕೇಶನ್ ಸ್ವಚ್ಛ, ಬೇರು ಮೂರನೇ ಎರಡು ಭಾಗಕ್ಕಿಂತ ಜಾಸ್ತಿ ಉಳಿದಿದೆ. ಪಲ್ಪಾಟಮಿಗೆ ಹೇಳಿಮಾಡಿಸಿದ ಕೇಸು. ಇಂಜೆಕ್ಷನ್ ಕೊಟ್ಟು, ರಬ್ಬರ್ ಡ್ಯಾಮ್ (ಹಲ್ಲಿಗೆ ಜೊಲ್ಲು ತಾಗದಂತೆ ತಡೆಯುವ ರಬ್ಬರ್ ಹಾಳೆ) ಹಾಕಿ, ಹುಳುಕು ತೆಗೆದು, ಕೋಣೆ ತೆರೆದು, ತಲೆಭಾಗದ ಪಲ್ಪ್ ತೆಗೆದೆ. ಸಲೈನ್‌ನಲ್ಲಿ ಅದ್ದಿ ಹಿಂಡಿದ ಹತ್ತಿ ಉಂಡೆ ಇಟ್ಟು ಒತ್ತಿದೆ. ಗಡಿಯಾರ ನೋಡಿ ಐದು ನಿಮಿಷ. ತೆಗೆದರೆ ರಕ್ತ ನಿಂತಿಲ್ಲ.

ಇಲ್ಲಿ ನಿಯಮ ಏನು? ಪಲ್ಪಿನ ಉರಿಯೂತ ಮೇಲಿನಿಂದ ಕೆಳಗೆ ಇಳಿಯುತ್ತದೆ. ಬೇರಿನ ಪಲ್ಪ್ ಚೆನ್ನಾಗಿದ್ದರೆ ಕತ್ತರಿಸಿದ ಬಾಯಲ್ಲಿ ರಕ್ತ ಹೆಪ್ಪುಗಟ್ಟಿ ಕೆಲವೇ ನಿಮಿಷದಲ್ಲಿ ನಿಲ್ಲುತ್ತದೆ. ಉರಿಯೂತ ಬೇರಿಗೆ ಇಳಿದಿದ್ದರೆ ರಕ್ತನಾಳ ಉಬ್ಬಿರುತ್ತವೆ, ಕಡುಗೆಂಪು ರಕ್ತ ಜಿನುಗುತ್ತಲೇ ಇರುತ್ತದೆ. ವಿಜಯಪುರದ ಗೆಳತಿ ಇದಕ್ಕೆ ಕಬ್ಬಿನ ಹೋಲಿಕೆ ಕೊಟ್ಟಳು. ಅವರ ಹೊಲದಲ್ಲಿ ಕಬ್ಬಿಗೆ ಕೆಂಪು ಕೊಳೆ ರೋಗ ಬಂದಿದೆಯಾ ಅಂತ ಹೊರಗಿನಿಂದ ಹೇಳಲು ಆಗುವುದಿಲ್ಲವಂತೆ. ಜಲ್ಲೆ ಸೀಳಿ, ಕೆಂಪು ಎಲ್ಲಿಯವರೆಗೆ ಇಳಿದಿದೆ ನೋಡಬೇಕಂತೆ. ನನಗೆ ಅಲ್ಲಿಯವರೆಗೆ ಅರ್ಥವಾಗದೇ ಇದ್ದದ್ದು ಇದೇ: ಎಕ್ಸ್‌ರೇ, ನೋವಿನ ಕಥೆ ಎಲ್ಲ ನೋಡಿ ನಾವು ಅಂದಾಜು ಮಾತ್ರ ಮಾಡುತ್ತೇವೆ. ತೀರ್ಮಾನ ಆಗುವುದು ಹಲ್ಲು ತೆರೆದ ಮೇಲೆ, ರಕ್ತ ನೋಡಿ. ಕೇಸ್ ಪೇಪರ್‌ನಲ್ಲಿ ಪಲ್ಪಾಟಮಿ ಅಂತ ಬರೆದಿದ್ದರೂ ಕುರ್ಚಿಯ ಮೇಲೆ ಪಲ್ಪೆಕ್ಟಮಿ ಆಗಬಹುದು. ಅದು ಸೋಲಲ್ಲ.

ಹಾಗಾದರೆ ರಕ್ತ ನಿಲ್ಲಲಿಲ್ಲ, ಪಲ್ಪೆಕ್ಟಮಿ ಮಾಡಬೇಕು, ಅಲ್ವಾ? ನಾನೂ ಅದನ್ನೇ ಅಂದೆ. ಮೇಡಂ ಸುಮ್ನೆ ಎಕ್ಸ್‌ಪ್ಲೋರರ್ (ಕೊಕ್ಕೆ ತುದಿಯ ಸಣ್ಣ ಕಡ್ಡಿ) ತೆಗೆದುಕೊಂಡು ಕೋಣೆಯ ಗೋಡೆ ಗುಂಟ ಕೆಳಗಿನಿಂದ ಮೇಲಕ್ಕೆ ಎಳೆದರು. ಒಂದು ಮೂಲೆಯಲ್ಲಿ ಕೊಕ್ಕೆ ಸಿಕ್ಕಿಕೊಂಡಿತು. ಚಾವಣಿಯ ಒಂದು ಅಂಚು ನಾನು ತೆಗೆಯದೆ ಬಿಟ್ಟಿದ್ದೆ. ಅದರಡಿ ತಲೆಭಾಗದ ಪಲ್ಪಿನ ಒಂದು ಚೂರು ನೇತಾಡುತ್ತಿತ್ತು. ರಕ್ತ ಬರುತ್ತಿದ್ದದ್ದು ಅದರಿಂದ. ಅಂಚು ತೆಗೆದು, ಚೂರು ಕೆರೆದು, ಮತ್ತೆ ಹತ್ತಿ ಇಟ್ಟರೆ ಮೂರು ನಿಮಿಷಕ್ಕೆ ನಿಂತಿತು. ಪಲ್ಪಾಟಮಿಯೇ ಆಯಿತು.

ಅಂದರೆ ಸರಿಯಾದ ಕ್ರಮ ಹೀಗೆ. ರಕ್ತ ನಿಲ್ಲದಿದ್ದರೆ ಮೊದಲು ನಿಮ್ಮ ಕೈಯನ್ನೇ ಅನುಮಾನಿಸಿ. ಚಾವಣಿ ಪೂರ್ತಿ ಹೋಗಿದೆಯಾ, ಪಲ್ಪ್ ಚೂರು ಉಳಿದಿದೆಯಾ ನೋಡಿ. ಒಣ ಹತ್ತಿ ಇಟ್ಟಿದ್ದೀರಾ ಅಂತಲೂ ನೋಡಿ. ಒಣ ಹತ್ತಿ ಹೆಪ್ಪಿಗೆ ಅಂಟಿಕೊಂಡು, ತೆಗೆಯುವಾಗ ಅದನ್ನೂ ಕಿತ್ತುಕೊಂಡು ಬರುತ್ತದೆ. ಇದೆಲ್ಲ ಸರಿ ಇದ್ದು, ಮತ್ತೆ ಒತ್ತಿದರೂ ಜಿನುಗುತ್ತಿದ್ದರೆ ಆಗ ಬೇರಿನ ಪಲ್ಪ್ ಕೆಟ್ಟಿದೆ ಅನ್ನಿ.

ಇನ್ನೊಂದು ಬಲೆ ಫೆರಿಕ್ ಸಲ್ಫೇಟ್. ಪಲ್ಪಾಟಮಿಗೆ 15.5 ಪರ್ಸೆಂಟ್, 15 ಸೆಕೆಂಡ್ ಅಂತ ಓದಿದ್ದೇವೆ. ಅದು ತಾನಾಗಿಯೇ ರಕ್ತ ನಿಲ್ಲಿಸುವ ಔಷಧಿ. ಒತ್ತಿ ನೋಡುವ ಮೊದಲೇ ಅದನ್ನು ಹಾಕಿದರೆ ಕೆಟ್ಟ ಪಲ್ಪೂ ಒಳ್ಳೆಯದರಂತೆ ಕಾಣುತ್ತದೆ. ಸಾಕ್ಷಿಯ ಬಾಯಿಗೆ ಬಟ್ಟೆ ತುರುಕಿದ ಹಾಗೆ. ಮೊದಲು ಹತ್ತಿ, ಆಮೇಲೆ ಔಷಧಿ.

ಔಷಧಿಯಲ್ಲಿ ಹಳೆಯದು ಫಾರ್ಮೋಕ್ರೆಸಾಲ್. ಅದರಲ್ಲಿ ಫಾರ್ಮಾಲ್ಡಿಹೈಡ್ ಇರುವುದರಿಂದ ಈಗ ಅನುಮಾನದಿಂದ ನೋಡುತ್ತಾರೆ. ಈಗಿನ ಉತ್ತರ ಎಂಟಿಎ ಎಂಬ ಸಿಮೆಂಟ್, ಅದು ದುಬಾರಿ. ವೈವಾದಲ್ಲಿ ಎರಡೂ ಹೇಳಿ.

ಪಲ್ಪೆಕ್ಟಮಿಯಲ್ಲಿ ಗಟ್ಟಾಪರ್ಚಾ (ದೊಡ್ಡವರ ಬೇರಿಗೆ ತುಂಬುವ, ಕರಗದ ರಬ್ಬರಿನಂಥ ವಸ್ತು) ತುಂಬಬಾರದು. ಹಾಲುಹಲ್ಲಿನ ಬೇರು ಮುಂದೆ ಕರಗಬೇಕು, ತುಂಬಿದ್ದೂ ಅದರ ಜೊತೆ ಕರಗಬೇಕು. ಜಿಂಕ್ ಆಕ್ಸೈಡ್ ಯೂಜಿನಾಲ್, ಇಲ್ಲವೇ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಮತ್ತು ಅಯಡೋಫಾರ್ಮ್ ಬೆರೆತ ಪೇಸ್ಟ್. ತುದಿಯಿಂದ ಒಂದೆರಡು ಮಿಲಿಮೀಟರ್ ಮೊದಲೇ ನಿಲ್ಲಿಸಿ, ಕೆಳಗೆ 40 ಕಳೆದ ಹಲ್ಲಿನ ಮೊಗ್ಗು ಇದೆ.

ಕಿತ್ತು ಒಗೆದರೆ ಏನಾಗುತ್ತದೆ

ಕಲಬುರಗಿ ಕಡೆಯ ಆ ತಾಯಿಗೆ ಹೇಳಬೇಕಾಗಿದ್ದ ಉತ್ತರ. ಇ ಬೀಳುವುದು 10ರಿಂದ 12 ವರ್ಷಕ್ಕೆ. ಮಗುವಿಗೆ ಈಗ ಆರು. ಇನ್ನೂ ನಾಲ್ಕೈದು ವರ್ಷ ಅಗಿಯಬೇಕು. ಅದಕ್ಕಿಂತ ದೊಡ್ಡ ವಿಷಯ, ಆರು ವರ್ಷದ ದವಡೆ ಹಲ್ಲು ಇ ಬೆನ್ನು ಹಿಡಿದುಕೊಂಡೇ ತನ್ನ ಜಾಗಕ್ಕೆ ಬರುತ್ತದೆ. ಇ ಇಲ್ಲದಿದ್ದರೆ ಅದು ಮುಂದಕ್ಕೆ ವಾಲುತ್ತದೆ, 35ಕ್ಕೆ ಜಾಗ ಉಳಿಯುವುದಿಲ್ಲ. ನಾನು ಹೇಳಿದ್ದು ಇಷ್ಟೇ: ‘ಲೋಕಲ್‌ನಲ್ಲಿ ಸೀಟು ಬಿಟ್ಟು ಎದ್ದರೆ ಪಕ್ಕದವರು ಸರಿಯುತ್ತಾರಲ್ಲ, ಹಾಗೆ.’ ತಾಯಿ ನಕ್ಕು ಒಪ್ಪಿದರು.

ತೆಗೆಯಲೇಬೇಕಾಗಿ ಬಂದರೆ ಸ್ಪೇಸ್ ಮೇಂಟೇನರ್, ಅಂದರೆ ಖಾಲಿ ಜಾಗ ಕಾಯುವ ಸಾಧನ. ಅದರಲ್ಲಿ ಬಗೆಗಳಿವೆ. ಒಂದು ಕಡೆ ಡಿ ಹೋಗಿದ್ದರೆ ಬ್ಯಾಂಡ್ ಅಂಡ್ ಲೂಪ್. ಆರನೆಯದು ಬರುವ ಮೊದಲೇ ಇ ಹೋದರೆ ಡಿಸ್ಟಲ್ ಶೂ.

ಉಳಿದದ್ದು, ಬೇಗ ಬೇಗ

ಬಾಟಲಿ ಬಾಯಲ್ಲಿಟ್ಟುಕೊಂಡು ಮಲಗುವ ಮಗುವಿಗೆ ಮೇಲಿನ ಮುಂದಿನ ಹಲ್ಲು ಮೊದಲು ಕೊಳೆಯುತ್ತವೆ. ಕೆಳಗಿನವು ಉಳಿಯುತ್ತವೆ, ಏಕೆಂದರೆ ನಾಲಿಗೆ ಅವುಗಳನ್ನು ಮುಚ್ಚುತ್ತದೆ, ಜೊಲ್ಲೂ ಅಲ್ಲೇ ಜಾಸ್ತಿ.

ಪೇಸ್ಟ್ ಮೂರು ವರ್ಷದೊಳಗೆ ಅಕ್ಕಿಕಾಳಿನಷ್ಟು, ಮೂರರಿಂದ ಆರರವರೆಗೆ ಬಟಾಣಿಯಷ್ಟು. ಜಾಹೀರಾತಿನಲ್ಲಿ ಬ್ರಷ್ ತುಂಬ ಹಾಕುವುದನ್ನು ಮರೆತುಬಿಡಿ. ಪಾವಗಡ, ಮುಂಡರಗಿ ಕಡೆಯಿಂದ ಬಂದವರು ಫ್ಲೋರೈಡ್ ಅಂದರೆ ಹೆದರುತ್ತಾರೆ. ಅಲ್ಲಿನ ಬೋರ್‌ವೆಲ್ ನೀರಿನಲ್ಲಿ ಅದು ಅತಿಯಾಗಿ ಹಲ್ಲು ಕಂದು ಆಗಿದ್ದನ್ನು ಕಣ್ಣಾರೆ ಕಂಡವರು ಅವರು. ವಾದ ಮಾಡಬೇಡಿ. ಮಗು ಎಲ್ಲಿ ಬೆಳೆದಿದೆ, ಯಾವ ನೀರು ಕುಡಿದಿದೆ ಕೇಳಿ.

ಕುರ್ಚಿಯಲ್ಲಿ ಕೂರದ ಮಗುವಿಗೆ 38 ಪರ್ಸೆಂಟ್ ಸಿಲ್ವರ್ ಡೈಅಮೈನ್ ಫ್ಲೋರೈಡ್ ಹಚ್ಚಬಹುದು. ಹುಳುಕು ನಿಲ್ಲುತ್ತದೆ, ಆದರೆ ಆ ಜಾಗ ಕಪ್ಪಾಗುತ್ತದೆ. ಕಪ್ಪಾಗುತ್ತದೆ ಅಂತ ಹಚ್ಚುವ ಮೊದಲು ಹೇಳಿ, ಹಚ್ಚಿದ ಮೇಲೆ ಅಲ್ಲ.

ಬಿದ್ದು ಹಲ್ಲು ಪೂರ್ತಿ ಕಿತ್ತು ಬಂದರೆ: ಖಾಯಂ ಹಲ್ಲಾದರೆ ಬೇರು ಮುಟ್ಟದೆ ತಲೆ ಹಿಡಿದು, ಸಾಧ್ಯವಾದರೆ ಅಲ್ಲೇ ಕೂರಿಸಿ, ಆಗದಿದ್ದರೆ ಹಾಲಿನಲ್ಲಿ ಹಾಕಿಕೊಂಡು ಓಡಿ. ಹಾಲುಹಲ್ಲನ್ನು ಕೂರಿಸಬೇಡಿ, ಕೆಳಗಿನ ಮೊಗ್ಗಿಗೆ ಪೆಟ್ಟಾಗುತ್ತದೆ.

ಇಂಜೆಕ್ಷನ್ ಲೆಕ್ಕ: ಲಿಗ್ನೋಕೇನ್ (ಜೋಮು ಹಿಡಿಸುವ ಔಷಧಿ) ಕಿಲೋಗೆ 4.4 ಮಿಲಿಗ್ರಾಂ ಮೀರಬಾರದು. 2 ಪರ್ಸೆಂಟ್ ಅಂದರೆ ಒಂದು ಎಂಎಲ್‌ನಲ್ಲಿ 20 ಮಿಲಿಗ್ರಾಂ. 15 ಕಿಲೋ ಮಗುವಿಗೆ 66, ಅಂದರೆ 3.3 ಎಂಎಲ್. ಮಗುವನ್ನು ತೂಕ ಮಾಡದೆ ಸಿರಿಂಜ್ ತುಂಬಬೇಡಿ.

ಮಕ್ಕಳ ಮುಂದೆ ಸೂಜಿ ಅನ್ನಬೇಡಿ, ಹಲ್ಲು ಮಲಗಿಸುವ ಔಷಧಿ ಅನ್ನಿ. ರಬ್ಬರ್ ಡ್ಯಾಮ್ ಹಲ್ಲಿನ ರೇನ್‌ಕೋಟ್. ಜುಲೈ ಮುಂಬೈಯಲ್ಲಿ ಇದನ್ನು ವಿವರಿಸಬೇಕಾದ್ದೇ ಇಲ್ಲ. ಹೇಳಿ, ತೋರಿಸಿ, ಆಮೇಲೆ ಮಾಡಿ. ಕೆಲಸ ಮುಗಿದ ಮೇಲೆ ತುಟಿ ಜೋಮು ಹಿಡಿದಿರುತ್ತದೆ, ಮಗು ಆಟಕ್ಕೆ ಕಚ್ಚಿಕೊಂಡು ಸಂಜೆಗೆ ಊದಿಸಿಕೊಳ್ಳುತ್ತದೆ. ಎರಡು ಮೂರು ಗಂಟೆ ಕಣ್ಣಿಡಲು ತಾಯಿಗೆ ಅವರ ಭಾಷೆಯಲ್ಲೇ ಹೇಳಿ.

ಪಲ್ಪ್ ಚಿಕಿತ್ಸೆ ಆದ ದವಡೆ ಹಲ್ಲಿಗೆ ಸ್ಟೀಲ್ ಕ್ರೌನ್ ಹಾಕಬೇಕು. ಸುಮ್ನೆ ಫಿಲ್ಲಿಂಗ್ ಮಾಡಿ ಕಳಿಸಿದರೆ ಹಲ್ಲು ಒಡೆಯುತ್ತದೆ, ಅಂಚಿನಿಂದ ಸೋರಿ ಮಾಡಿದ ಕೆಲಸವೂ ಹಾಳು. ಕಲಬುರಗಿ ಕಡೆಯ ಆ ಮಗುವಿಗೂ ಹಾಕಿದೆವು. ಕನ್ನಡಿಯಲ್ಲಿ ಬೆಳ್ಳಿ ಹಲ್ಲು ನೋಡಿಕೊಂಡು ಖುಷಿಪಟ್ಟಳು. ತಾಯಿ ಮಾತ್ರ ಬಾಗಿಲ ತನಕ ಹೋಗಿ ತಿರುಗಿ ಬಂದರು: ‘ಈ ಟೊಪ್ಪಿಗಿ ತಗಸಾಕ ಮತ್ತ ಯಾವಾಗ ಬರ್ಬೇಕ್ರೀ?’ ತೆಗೆಸುವುದು ಬೇಡ, ಹಲ್ಲು ಬೀಳುವಾಗ ಅದರ ಜೊತೆಗೇ ಬೀಳುತ್ತದೆ ಅಂದೆ. ಆದರೆ ಆರು ತಿಂಗಳಿಗೊಮ್ಮೆ ತೋರಿಸಿ, ಎಕ್ಸ್‌ರೇಯಲ್ಲಿ ಆ ಕಪ್ಪು ಮೋಡ ಕರಗಿದೆಯಾ ನೋಡಬೇಕು.